ಬೆಟ್ಟ ಹತ್ತಿದವರೆಲ್ಲ ಸ್ನೇಹಿತರಾ?

ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಈ ಕಡೆ ಕುರ್ಚಿ ಖಾಲಿ ಇದೆ.

ಕೆಲವು ತಿಂಗಳಿಂದ ನಮ್ಮ ಯೌವನಸ್ಥರ ಕೂಟದಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನ್ನ ಹತ್ತಿರ ಬರ್ತಾ ಇದೆ. ವೀಕೆಂಡ್ ಟ್ರೆಕ್ ಗುಂಪುಗಳ ಬಗ್ಗೆ. ಬ್ರದರ್, ಹೋಗಬಹುದಾ? ಅಲ್ಲಿ ಸಿಗೋರ ಜೊತೆ ಸ್ನೇಹ ಮಾಡಬಹುದಾ? ಭಾನುವಾರದ ವಿಷಯ ಮೊದಲೇ ಹೇಳಿ ಮುಗಿಸ್ತೀನಿ: ಆರಾಧನೆ ಬಿಟ್ಟು ಹೋಗಬೇಡಿ, ಶನಿವಾರದ ಟ್ರೆಕ್ ನೋಡ್ಕೊಳ್ಳಿ. ಅಷ್ಟೇ. ನಾನು ಮಾತಾಡಬೇಕು ಅಂತ ಇರೋದು ಎರಡನೇ ಪ್ರಶ್ನೆ ಬಗ್ಗೆ, ಸ್ನೇಹದ ಬಗ್ಗೆ.

ನಿಮ್ಮಲ್ಲಿ ತುಂಬಾ ಜನ ಈ ಊರಿನವರಲ್ಲ. ಕಲಬುರಗಿ, ರಾಯಚೂರು, ಕೊಳ್ಳೇಗಾಲ, ಹುಬ್ಬಳ್ಳಿ ಕಡೆಯಿಂದ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ಪಿಜಿಯಲ್ಲಿ ಇದ್ದೀರಿ. ರೂಮ್‌ಮೇಟ್‌ಗೆ ನೈಟ್ ಶಿಫ್ಟ್, ನಿಮಗೆ ಡೇ ಶಿಫ್ಟ್. ಒಂದೇ ರೂಮಲ್ಲಿದ್ದರೂ ಅವರು ಎದ್ದಿರೋದನ್ನ ನೀವು ನೋಡಿಲ್ಲ. ಶುಕ್ರವಾರ ಸಾಯಂಕಾಲ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಸೋಮವಾರ ಬೆಳಿಗ್ಗೆ ಸ್ಟ್ಯಾಂಡ್‌ಅಪ್ ಕಾಲ್ ತನಕ ನಿಮ್ಮ ಹೆಸರು ಹಿಡಿದು ಕರೆಯೋರು ಡೆಲಿವರಿ ಹುಡುಗ ಒಬ್ಬನೇ. ಆಗ ಫೋನಲ್ಲಿ ಒಂದು ಪೋಸ್ಟ್ ಕಾಣುತ್ತೆ: ಸ್ಕಂದಗಿರಿ ಸೂರ್ಯೋದಯ, ಒಬ್ಬರೇ ಬಂದರೂ ಪರವಾಗಿಲ್ಲ, ಸ್ನೇಹಿತರ ಜೊತೆ ವಾಪಸ್ ಹೋಗ್ತೀರಿ. ದುಡ್ಡು ಕಟ್ತೀರಿ. ವಾಟ್ಸಾಪ್ ಗುಂಪಿಗೆ ಸೇರಿಸ್ತಾರೆ. ನಡುರಾತ್ರಿ ಕಳೆದ ಮೇಲೆ ಹೆಬ್ಬಾಳದ ಹತ್ತಿರ ಟಿಟಿ ಬಂದು ಹತ್ತಿಸ್ಕೊಳ್ಳುತ್ತೆ. ಗುರುತಿಲ್ಲದ ಹನ್ನೆರಡು ಜನ, ಯಾರ ಮುಖವೂ ಸರಿಯಾಗಿ ಕಾಣ್ತಿಲ್ಲ. ಬೆಳಕು ಹರಿಯೋ ಹೊತ್ತಿಗೆ ಕಳವಾರದ ಮೇಲೆ ಮೋಡದ ನಡುವೆ ಕೂತು, ಒಬ್ಬರ ಡಬ್ಬಿಯ ಚಪಾತಿ ಇನ್ನೊಬ್ಬರು ತಿಂತಾ ಇರ್ತೀರಿ.

ಇದನ್ನ ಲೋಕದ ಆಟ ಅಂತ ತಳ್ಳಿಬಿಡೋದು ಸುಲಭ. ನನಗೆ ಹಾಗೆ ಅನ್ನಿಸಲ್ಲ. ಒಂಟಿಯಾಗಿರೋದು ಒಳ್ಳೇದಲ್ಲ ಅಂತ ದೇವರು ಮೊದಲು ಹೇಳಿದ್ದು ಏದೆನ್ ತೋಟದಲ್ಲಿ, ಪಾಪ ಒಳಗೆ ಬರೋಕೂ ಮುಂಚೆ. ಒಂಟಿತನ ಅನ್ನಿಸೋದು ನಂಬಿಕೆ ಕಡಿಮೆಯಾದ್ದರ ಗುರುತಲ್ಲ ಪ್ರಿಯರೇ. ಹೊಟ್ಟೆ ಹಸಿಯೋ ಹಾಗೆ ಅದೂ ಒಂದು ಹಸಿವು.

ಈಗ ಒಂದು ಲೆಕ್ಕ ಹೇಳ್ತೀನಿ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಹಾಲ್ ಅನ್ನೋ ಸಂಶೋಧಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬರೀ ಪರಿಚಯ ಇರೋರು ಸಾಧಾರಣ ಸ್ನೇಹಿತರಾಗೋಕೆ ಸುಮಾರು 50 ಗಂಟೆ ಜೊತೆಗಿರಬೇಕು, ಸ್ನೇಹಿತರು ಅಂತ ಹೇಳ್ಕೊಳ್ಳೋಕೆ ಸುಮಾರು 90 ಗಂಟೆ, ಆಪ್ತರಾಗೋಕೆ 200 ಗಂಟೆಗಿಂತ ಹೆಚ್ಚು ಅಂತ ಅವರು ಅಂದಾಜು ಮಾಡಿದ್ದಾರೆ. ಜೊತೆಗೆ ಕೂತು ಕೆಲಸ ಮಾಡಿದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರಲ್ಲ ಅಂತಾನೂ ಕಂಡುಕೊಂಡರು. ಆಫೀಸಲ್ಲಿ ಮೂರು ವರ್ಷ ಪಕ್ಕದಲ್ಲೇ ಕೂತವರು ಕೆಲಸ ಬಿಟ್ಟ ಮೇಲೆ ಒಂದು ಫೋನೂ ಮಾಡದೇ ಇರೋದು ಯಾಕೆ ಅಂತ ಇದರಲ್ಲೇ ಸ್ವಲ್ಪ ಅರ್ಥ ಆಗುತ್ತೆ.

ಒಂದು ಟ್ರೆಕ್ ಅಂದ್ರೆ ಟಿಟಿ ಹತ್ತಿದಾಗಿಂದ ಇಳಿಯೋ ತನಕ ಹತ್ತು ಗಂಟೆ ಹಿಡೀರಿ. ಅದೇ ಜನರ ಜೊತೆ ಐದು ಸಲ ಹೋದರೆ 50 ಗಂಟೆ ಆಯ್ತು. ಈಗ ನಮ್ಮ ಸಭೆ ಕಡೆ ನೋಡಿ. ಆರಾಧನೆಯಲ್ಲಿ ಎಲ್ಲರೂ ವೇದಿಕೆ ಕಡೆ ಮುಖ ಮಾಡಿ ಕೂತಿರ್ತೀವಿ. ಒಬ್ಬರಿಗೊಬ್ಬರು ಮಾತಾಡೋದು ಕೊನೆಯಲ್ಲಿ ಟೀ ಕುಡಿಯೋವಾಗ, ಹತ್ತು ನಿಮಿಷ. ವಾರಕ್ಕೆ ಹತ್ತು ನಿಮಿಷ ಅಂದ್ರೆ ವರ್ಷಕ್ಕೆ ಒಂಬತ್ತು ಗಂಟೆನೂ ಇಲ್ಲ. 50 ಗಂಟೆ ತುಂಬೋಕೆ ಆರು ವರ್ಷದ ಹತ್ತಿರ ಬೇಕು! ನಗಬೇಡಿ. ಕ್ರಿಸ್ತನಲ್ಲಿ ಸಹೋದರರು ಅಂತ ಕೈ ಕುಲುಕ್ತೀವಿ, ಆ ಸಹೋದರನ ತಾಯಿ ಆಸ್ಪತ್ರೆಯಲ್ಲಿರೋದು ನಮಗೆ ಗೊತ್ತಿರಲ್ಲ. ಅವನ ಟ್ರೆಕ್ ಗುಂಪಿನವರಿಗೆ ಗೊತ್ತಿರುತ್ತೆ.

ದಾರಿಯಲ್ಲಿ ಮಾತು ಹೊರಡೋದಕ್ಕೂ ಕಾರಣ ಇದೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕಾಗಿಲ್ಲ, ಇಬ್ಬರ ದೃಷ್ಟಿನೂ ಕಾಲಿನ ಹತ್ತಿರದ ಕಲ್ಲಿನ ಮೇಲೆ. ಉಸಿರು ಕಟ್ಟಿದಾಗ ಸುಮ್ಮನಾದರೂ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ನೀರು ಮುಗಿದರೆ ಕೇಳಲೇಬೇಕು. ಕೇಳೋದು, ಕೊಡೋದು, ಅಲ್ಲೇ ಅರ್ಧ ಸ್ನೇಹ. ಸುಮಾರು 2300 ವರ್ಷದ ಹಿಂದೆ ಅರಿಸ್ಟಾಟಲ್ ಸ್ನೇಹದ ಬಗ್ಗೆ ಬರೆಯುವಾಗ, ಜೊತೆಯಲ್ಲಿ ಉಪ್ಪು ತಿನ್ನದೇ ಒಬ್ಬರನ್ನೊಬ್ಬರು ಅರಿಯೋಕಾಗಲ್ಲ ಅನ್ನೋ ಅರ್ಥದ ಒಂದು ಗಾದೆಯನ್ನ ನೆನಪಿಸ್ತಾನೆ. ನಮ್ಮಲ್ಲೂ ಉಪ್ಪಿನ ಋಣ ಅಂತೀವಲ್ಲ.

ಆದರೆ ಗಂಟೆ ತುಂಬಿದ ಮಾತ್ರಕ್ಕೆ ಸ್ನೇಹ ಆಗುತ್ತಾ? ಇಲ್ಲಿ ನನಗೆ ಒಂದು ತೊಡಕು ಕಾಣುತ್ತೆ.

ನಮ್ಮ ಒಬ್ಬ ತಮ್ಮ, ಹೆಸರು ಬೇಡ, ಒಂದು ಟ್ರೆಕ್ ಗುಂಪಿಗೆ ಸೇರಿದ. ಇದನ್ನ ಕೇಳಿದ ಹಿರಿಯರೊಬ್ಬರು ಖುಷಿಯಾಗಿ, ಇದು ದೇವರು ತೆರೆದ ಬಾಗಿಲು ಅಂತ ಹೇಳಿ ಇಪ್ಪತ್ತು ಕರಪತ್ರ ಕೈಗೆ ಕೊಟ್ಟರು. ಅವನು ಬ್ಯಾಗಿನ ತಳದಲ್ಲಿ, ರೇನ್‌ಕೋಟ್ ಕೆಳಗೆ ಇಟ್ಟ. ನಾಲ್ಕು ಬೆಟ್ಟ ಆಯ್ತು, ಕರಪತ್ರ ಅಲ್ಲೇ ಇದೆ. ಇಷ್ಟರಲ್ಲಿ ಆ ಗುಂಪಿನಲ್ಲಿ ಒಬ್ಬ ಹುಡುಗ ಅವನಿಗೆ ತುಂಬಾ ಹತ್ತಿರ ಆದ. ಅವನ ಅಪ್ಪ ತೀರಿಕೊಂಡು ಆರು ತಿಂಗಳೂ ಆಗಿಲ್ಲ. ಇಳಿಯೋವಾಗ ಅದೆಲ್ಲ ಹೇಳ್ಕೊಂಡ. ನಮ್ಮ ತಮ್ಮ ನನ್ನ ಹತ್ತಿರ ಬಂದು ಕೇಳಿದ: ಬ್ರದರ್, ಈಗ ಕರಪತ್ರ ಕೊಟ್ಟರೆ ಇಷ್ಟು ದಿನ ಇದಕ್ಕೇ ಜೊತೆಗಿದ್ದನಾ ಅಂತ ಅವನು ಅಂದ್ಕೊಳ್ತಾನೆ. ಕೊಡದೇ ಇದ್ದರೆ ನಾನು ಸುವಾರ್ತೆಗೆ ನಾಚಿಕೆಪಟ್ಟ ಹಾಗಾಗುತ್ತಾ?

ಇದು ಸಣ್ಣ ಪ್ರಶ್ನೆ ಅಲ್ಲ. ಒಬ್ಬ ಮನುಷ್ಯನನ್ನ ಪ್ರೀತಿ ಮಾಡ್ತಾ, ಅದರ ಹಿಂದೆ ಇನ್ನೊಂದು ಉದ್ದೇಶ ಇಟ್ಕೊಳ್ಳೋದು ಸರಿಯಾ? ನಾವು ಮಾತ್ರ ಹೀಗೆ ಮಾಡ್ತೀವಿ ಅಂತಲ್ಲ. ಒಬ್ಬ ರೆಫರಲ್ ಸಿಗುತ್ತೆ ಅಂತ ಬರ್ತಾನೆ, ಒಬ್ಬನಿಗೆ ಹುಡುಗಿ ಸಿಗಬೇಕು, ಇನ್ನೊಬ್ಬರಿಗೆ ರೀಲ್ಸ್ ತೆಗೆಯೋಕೆ ಒಂದು ಕೈ ಬೇಕು. ಪ್ರಯೋಜನಕ್ಕೆ ಮಾಡೋ ಸ್ನೇಹ ಪ್ರಯೋಜನ ಮುಗಿದಾಗ ಮುಗಿಯುತ್ತೆ ಅಂತ ಅದೇ ಅರಿಸ್ಟಾಟಲ್ ಹೇಳ್ತಾನೆ. ನಮ್ಮ ಉದ್ದೇಶ ಪರಿಶುದ್ಧವಾದದ್ದು, ಆದ್ದರಿಂದ ಅದು ಬೇರೆ ಅಂತ ಕೆಲವರು ವಾದ ಮಾಡ್ತಾರೆ. ನನಗೆ ಒಪ್ಪಿಗೆ ಇಲ್ಲ. ಗಾಳದ ಕೊಕ್ಕೆ ಚಿನ್ನದ್ದಾದರೂ ಮೀನಿಗೆ ಅದು ಕೊಕ್ಕೆನೇ.

ಆ ತಮ್ಮನಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳಿದೆ. ಆ ಹುಡುಗ ಯಾವತ್ತೂ ನಮ್ಮ ಸಭೆಗೆ ಬರಲ್ಲ, ಬಾಗಿಲು ದಾಟಿ ಒಳಗೂ ಕಾಲಿಡಲ್ಲ ಅಂತ ಇವತ್ತೇ ನಿನಗೆ ಗೊತ್ತಾಯ್ತು ಅಂತ ಇಟ್ಕೊ. ಮುಂದಿನ ಶನಿವಾರ ಅವನ ಜೊತೆ ಬೆಟ್ಟಕ್ಕೆ ಹೋಗ್ತೀಯಾ? ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೋಗ್ತೀನಿ ಅಂದ. ಹಾಗಾದರೆ ಅವನು ನಿನ್ನ ಸ್ನೇಹಿತ, ನಿನಗೆ ಮುಖ್ಯವಾದದ್ದನ್ನೆಲ್ಲ ಅವನಿಗೆ ಹೇಳೋಕೆ ನಿನಗೆ ಬಿಡುವಿದೆ ಅಂದೆ. ನಿನ್ನ ಅಮ್ಮನ ಮಂಡಿ ನೋವು, ನಿನ್ನ ಸಾಲ, ನೀನು ಯಾರಿಗೆ ಪ್ರಾರ್ಥನೆ ಮಾಡ್ತೀಯ ಅನ್ನೋದು, ಎಲ್ಲ. ನಿನ್ನ ಜೀವಕ್ಕೆ ಜೀವವಾಗಿರೋ ಯೇಸುವನ್ನ ಮಾತ್ರ ಮುಚ್ಚಿಟ್ಟು ಉಳಿದದ್ದೆಲ್ಲ ಹೇಳಿದರೆ ಅದೂ ಸ್ನೇಹಕ್ಕೆ ಮೋಸನೇ. ಆದರೆ ಅವನು ಬೇಡ ಅಂದರೂ ನೀನು ಪಕ್ಕದಲ್ಲೇ ಇರ್ತೀಯ ಅನ್ನೋದು ಅವನಿಗೆ ಗೊತ್ತಿರಬೇಕು.

ಲೂಕ 24 ತೆಗೀರಿ. ಎಮ್ಮಾಹುವಿಗೆ ಹೋಗೋ ದಾರಿ, ಸುಮಾರು 11 ಕಿಲೋಮೀಟರ್. ಸ್ಕಂದಗಿರಿ ಹತ್ತಿ ಇಳಿಯೋದಕ್ಕಿಂತ ಜಾಸ್ತಿನೇ. ಕ್ಲೆಯೊಫ ಮತ್ತು ಇನ್ನೊಬ್ಬ ಮುಖ ಬಾಡಿಸ್ಕೊಂಡು ನಡೀತಾ ಇದ್ದಾರೆ. ಎದ್ದು ಬಂದ ಕರ್ತನು ಅವರ ಜೊತೆ ಸೇರಿಕೊಂಡು ಮೊದಲು ಮಾಡಿದ್ದೇನು? ನೀವು ಏನು ಮಾತಾಡ್ತಾ ಇದ್ದೀರಿ ಅಂತ ಕೇಳಿದ. ತನ್ನ ಮರಣದ ಕಥೆಯನ್ನ ಅವರ ಬಾಯಿಂದ ಪೂರ್ತಿ ಕೇಳಿಸ್ಕೊಂಡ. ಆಮೇಲೆ ವಾಕ್ಯ ವಿವರಿಸಿದ, ಗದರಿಸಿಯೂ ಗದರಿಸಿದ, ಅದನ್ನ ನಾವು ಮರೆಯಬಾರದು. ಆದರೆ ಹಳ್ಳಿ ಬಂದಾಗ ಮುಂದೆ ಹೋಗೋನ ಹಾಗೆ ಕಂಡ. ಅವರೇ ಬಲವಂತ ಮಾಡಿ ಮನೆಗೆ ಕರೆದರು. ಬಾಗಿಲು ಅವರದು, ಅವರು ತೆರೆದ ಮೇಲೆ ಒಳಗೆ ಹೋದ. ಆ 11 ಕಿಲೋಮೀಟರ್ ಅವರು ನಡೆದ ವೇಗದಲ್ಲೇ ನಡೆದ ಅನ್ನೋದನ್ನೂ ಗಮನಿಸಿ. ಮರಣವನ್ನ ಗೆದ್ದವನಿಗೆ ಅವಸರ ಇರಲಿಲ್ಲ.

ಈ ವೇಗದ ವಿಷಯ ನನಗೆ ದೊಡ್ಡದು. ಮಾಗಡಿ ಹತ್ತಿರದ ಸಾವನದುರ್ಗಕ್ಕೆ ಹೋದವರು ಕೈ ಎತ್ತಿ. ಸರಿ. 1226 ಮೀಟರ್ ಎತ್ತರ, ದಾರಿಯ ತುಂಬ ಬೋಳು ಬಂಡೆ, ನೆರಳು ಕಡಿಮೆ. ಹತ್ತೋದಕ್ಕಿಂತ ಇಳಿಯೋದೇ ಭಯ. ಮಂಡಿ ನಡುಗುತ್ತೆ, ಕೆಲವರು ಕೂತ್ಕೊಂಡೇ ಜಾರ್ತಾ ಇಳೀತಾರೆ. ಅಲ್ಲಿ ಗುಂಪು ಎರಡಾಗುತ್ತೆ. ಗಟ್ಟಿ ಕಾಲಿನವರು ಮುಂದೆ ಹೋಗಿ ಎಳನೀರು ಕುಡಿದು ಫೋಟೋ ಹಾಕಿಯಾಗಿರುತ್ತೆ. ಹಿಂದೆ ಒಬ್ಬಳು ತಂಗಿ ಬಂಡೆಗೆ ಕೈ ಊರಿಕೊಂಡು ಕೂತಿರ್ತಾಳೆ. ಒಳ್ಳೇ ಗುಂಪುಗಳಲ್ಲಿ ಇದಕ್ಕೇ ಒಬ್ಬರನ್ನ ನೇಮಿಸ್ತಾರೆ, ಸ್ವೀಪ್ ಅಂತಾರೆ. ಎಲ್ಲರಿಗಿಂತ ಕೊನೆಯಲ್ಲಿ ನಡೆಯೋದೇ ಅವರ ಕೆಲಸ. ಅವರ ಹಿಂದೆ ಯಾರೂ ಇರಬಾರದು.

ಸತ್ಯವೇದದಲ್ಲಿ ಈ ಕೆಲಸ ಇದೆ. ಅರಣ್ಯಕಾಂಡ 10ರಲ್ಲಿ ಇಸ್ರಾಯೇಲ್ಯರು ಹೊರಟಾಗ ಎಲ್ಲ ದಂಡುಗಳ ಹಿಂದೆ ಕಾವಲಾಗಿ ಹೋಗಿದ್ದು ದಾನ್ ಕುಲದ ದಂಡು. ಧರ್ಮೋಪದೇಶಕಾಂಡ 25ರಲ್ಲಿ ಅಮಾಲೇಕ್ಯರ ಮೇಲೆ ದೇವರಿಗೆ ಅಷ್ಟು ಕೋಪ ಬಂದಿದ್ದು ಯಾಕೆ ನೋಡಿ: ದಣಿದು ಹಿಂದೆ ಬಿದ್ದ ಬಲಹೀನರನ್ನ ಅವರು ಹೊಡೆದರು. ನನಗೆ ತುಂಬಾ ಇಷ್ಟವಾದದ್ದು ಆದಿಕಾಂಡ 33. ಇಪ್ಪತ್ತು ವರ್ಷದ ಮೇಲೆ ಅಣ್ಣ ತಮ್ಮ ಭೇಟಿಯಾಗಿದ್ದಾರೆ. ಏಸಾವ ಜೊತೆಯಲ್ಲೇ ಹೋಗೋಣ ಬಾ ಅಂತಾನೆ, ಅವನ ಹಿಂದೆ ನಾನೂರು ಜನ. ಯಾಕೋಬ ಬೇಡ ಅಂತಾನೆ. ಮಕ್ಕಳು ಎಳೆಯರು, ಹಾಲುಣಿಸೋ ಕುರಿ ದನ ಇವೆ, ಒಂದು ದಿನ ಓಡಿಸಿದರೂ ಸತ್ತುಹೋಗ್ತವೆ, ನೀನು ಮುಂದೆ ನಡಿ, ನಾನು ಇವರ ನಡಿಗೆಗೆ ತಕ್ಕಂತೆ ಬರ್ತೀನಿ ಅನ್ನೋ ಮಾತು. (ಆಮೇಲೆ ಅಣ್ಣನಿಗೆ ಹೇಳಿದ ಸೇಯೀರಿಗೆ ಹೋಗದೇ ಸುಕ್ಕೋತಿಗೆ ಹೋದ. ಯಾಕೋಬ ಯಾಕೋಬನೇ.) ಆದರೂ ಆ ಮಾತು ನಿಜ. ಒಬ್ಬರಿಗೋಸ್ಕರ ನಾನು ನಿಧಾನ ಆಗ್ತೀನಾ? ಸ್ನೇಹಕ್ಕೆ ನನಗೆ ಗೊತ್ತಿರೋ ಪರೀಕ್ಷೆ ಇದೊಂದೇ. ಶಿಖರದಲ್ಲಿ ಜೊತೆಗೆ ನಿಂತವರು ಹನ್ನೆರಡು ಜನ ಇರ್ತಾರೆ. ನಿನ್ನ ಕಾಲು ಉಳುಕಿದಾಗ ಸೂರ್ಯೋದಯ ಬಿಟ್ಟು ಕೆಳಗೆ ಕೂತವನು ಒಬ್ಬ. ಅವನ ನಂಬರ್ ಮಾತ್ರ ಸೇವ್ ಮಾಡ್ಕೊಂಡರೂ ಸಾಕು.

ಈಗ ಕೆಲವರ ಮನಸ್ಸಲ್ಲಿ 2 ಕೊರಿಂಥ 6 ಬಂದಿರುತ್ತೆ, ಅವಿಶ್ವಾಸಿಗಳ ಜೊತೆ ಜೋಡಿಯಾಗೋ ವಿಷಯ. ಅಮ್ಮ ಫೋನಲ್ಲಿ ಅದನ್ನೇ ಹೇಳಿರ್ತಾರೆ. ಅಮ್ಮನ ಭಯ ಸುಳ್ಳಲ್ಲ. ಅಮ್ನೋನನಿಗೆ ಯೋನಾದಾಬ ಅನ್ನೋ ಸ್ನೇಹಿತ ಇದ್ದ, ಬಹಳ ಜಾಣ. ಅವನ ಒಂದು ಸಲಹೆಯಿಂದ ದಾವೀದನ ಮನೆಯೇ ಒಡೆದುಹೋಯ್ತು. ಅವನು ಹೊರಗಿನವನಲ್ಲ, ದೊಡ್ಡಪ್ಪನ ಮಗ! ಪೌಲ ಹೇಳೋದು ನೊಗದ ಮಾತು. ಒಂದೇ ನೊಗಕ್ಕೆ ಕಟ್ಟಿದ ಮೇಲೆ ಬೇರೆ ದಾರಿ ಹಿಡಿಯೋಕಾಗಲ್ಲ. ದಾರಿಯಲ್ಲಿ ಜೊತೆ ನಡೆಯೋದು ನೊಗ ಅಲ್ಲ. ಅದೇ ಪೌಲ 1 ಕೊರಿಂಥ 5ರಲ್ಲಿ, ಲೋಕದ ಜನರ ಸಹವಾಸವನ್ನೇ ಬಿಡಬೇಕು ಅಂದರೆ ನೀವು ಲೋಕದಿಂದಲೇ ಹೊರಗೆ ಹೋಗಬೇಕಾಗುತ್ತೆ ಅನ್ನೋ ಅರ್ಥದಲ್ಲಿ ಬರೀತಾನೆ. ನಮ್ಮ ಕರ್ತನಿಗೆ ಸುಂಕದವರ ಗೆಳೆಯ ಅನ್ನೋ ಹೆಸರೇ ಬಂದಿತ್ತು. ಬೈಗುಳ ಅಂತ ಇಟ್ಟ ಹೆಸರು ಅದು, ಆತನು ಬೇಡ ಅನ್ನಲಿಲ್ಲ. ಅಲ್ಲಿ ಕುಡಿತ ಶುರುವಾಯ್ತು, ಯಾರೋ ತಂಗಿಗೆ ತೊಂದರೆ ಕೊಡ್ತಿದ್ದಾರೆ, ಅರಣ್ಯ ಇಲಾಖೆ ಅನುಮತಿ ಇಲ್ಲದೇ ಕಳ್ಳದಾರಿ ಹಿಡಿಸ್ತಾರೆ ಅಂದ್ರೆ ಆ ಗುಂಪು ಬಿಡಿ. ಅದಕ್ಕೆ ಪ್ರಾರ್ಥನೆ ಮಾಡಿ ತಿಳ್ಕೊಳ್ಳಬೇಕಾಗಿಲ್ಲ.

ಆ ತಮ್ಮ ಕರಪತ್ರ ಕೊಟ್ಟನಾ ಅಂತ ಕೇಳ್ತೀರಿ. ನಾನು ವಿಚಾರಿಸಿಲ್ಲ. ಆ ಹುಡುಗನ ಅಪ್ಪನ ವರ್ಷದ ಕಾರ್ಯಕ್ಕೆ ಅವನ ಊರಿಗೆ ಬಸ್ಸಲ್ಲಿ ಹೋಗಿದ್ದ, ಅದು ಗೊತ್ತು.

ಬರೋ ಶನಿವಾರ ನಿಮ್ಮಲ್ಲಿ ಒಂಬತ್ತು ಜನ ಮಾಕಳಿದುರ್ಗಕ್ಕೆ ಹೋಗ್ತಾ ಇದ್ದೀರಿ ಅಂತ ಕೇಳಿದೆ. ಆಫೀಸಿನವರನ್ನ, ಪಿಜಿಯವರನ್ನ ಕರೀರಿ. ಕೊನೆಯಲ್ಲಿ ಯಾರು ನಡೀತೀರಿ ಅನ್ನೋದನ್ನ ಟಿಟಿ ಹತ್ತೋಕೆ ಮುಂಚೆನೇ ತೀರ್ಮಾನ ಮಾಡ್ಕೊಳ್ಳಿ. ಇವತ್ತು ಟೀ ಹತ್ತು ನಿಮಿಷಕ್ಕೆ ಮುಗಿಯಲ್ಲ, ಅಡುಗೆ ಕೋಣೆಯಲ್ಲಿ ಉಪ್ಪಿಟ್ಟೂ ಆಗ್ತಾ ಇದೆ, ಯಾರೂ ಓಡಬೇಡಿ. ಈಗ ಎದ್ದು ನಿಲ್ಲೋಣ. ಪಕ್ಕದಲ್ಲಿ ಇರೋರ ಹೆಸರು ಗೊತ್ತಿಲ್ಲದಿದ್ದರೆ ಮೊದಲು ಹೆಸರು ಕೇಳ್ಕೊಳ್ಳಿ, ಆಮೇಲೆ ಪ್ರಾರ್ಥನೆ ಮಾಡೋಣ.