ಬರೆದದ್ದು 150 ಮೀಟರ್

ಇಂದಿನ ಧಮ್ಮ ಚಿಂತನೆ: ನಾಲ್ಕನೆಯ ಶೀಲ



ಇವತ್ತು ಬರೆಯುವ ಸರದಿ ನನ್ನದು. ನಾನು ಹೆಚ್ಚು ಓದಿದವನಲ್ಲ, ಗಡಿಯಾರ ರಿಪೇರಿ ಮಾಡುವವನು. ದಿನಾ ತಿಕೋಟಾದಿಂದ ಬಸ್ಸಿಗೆ ಬಂದು ವಿಜಯಪುರದ ಗಾಂಧಿ ಚೌಕದ ಹತ್ತಿರ ಸಣ್ಣದೊಂದು ಅಂಗಡಿ ತೆರೆಯುತ್ತೇನೆ. ನನಗೆ ಗೊತ್ತಿರುವ ಕೆಲಸದಿಂದಲೇ ಒಂದು ಪ್ರಶ್ನೆ ನಿಮ್ಮ ಮುಂದೆ ಇಡುತ್ತೇನೆ. ನಿಜವಾದ ಮಾತನ್ನೇ ಹೇಳಿ ಸುಳ್ಳಾಡಲು ಬರುತ್ತದೆಯೇ?

ನನ್ನ ಕೈ ಪಳಗಿದ್ದು ಎಚ್‌ಎಂಟಿ ಗಡಿಯಾರಗಳ ಮೇಲೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ನಮ್ಮ ಕೇರಿಯಲ್ಲಿ ಮೊದಲು ನೌಕರಿ ಹಿಡಿದವರ ಕೈಯಲ್ಲಿ ನಾನು ನೋಡಿದ್ದು ಎಚ್‌ಎಂಟಿ ಜನತಾ. 2016ರಲ್ಲಿ ಕೇಂದ್ರ ಸರ್ಕಾರ ಆ ಗಡಿಯಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಈಗ ಒಂದು ಹಳೆಯ ಜನತಾ ನಡೆಯಬೇಕಾದರೆ ಎಷ್ಟೋ ಸಲ ಇನ್ನೊಂದು ನಿಂತುಹೋದ ಜನತಾದ ಭಾಗ ಬೇಕು. ಹಳೆಯ ಗಡಿಯಾರದ ಕೆಲಸ ಅಂದರೆ ಅರ್ಧ ಕಾಯುವ ಕೆಲಸ. ನಾನು ತಪ್ಪಿದ್ದು ಅಲ್ಲೇ.

ಎರಡು ವರ್ಷದ ಹಿಂದೆ ಬಬಲೇಶ್ವರದ ಕಡೆಯ ಒಬ್ಬ ಹುಡುಗ ಅಂಗಡಿಗೆ ಬಂದ. ನಮ್ಮವನೇ. ಅವನ ಅಪ್ಪ ಗಲ್ಫ್‌ನಲ್ಲಿ ಗಾರೆ ಕೆಲಸ ಮಾಡಿ ಬರುವಾಗ ತಂದಿದ್ದ ಸೀಕೋ ಗಡಿಯಾರ ಅವನ ಕೈಯಲ್ಲಿತ್ತು. ನೀರಿನಲ್ಲಿ ಮುಳುಗುವವರಿಗಾಗಿ ಮಾಡಿದ್ದು: ದಪ್ಪ ಉಕ್ಕಿನ ಕವಚ, ಸುತ್ತಲೂ ತಿರುಗುವ ಬಳೆ, ತಿರುಪಿನಂತೆ ಬಿಗಿಯುವ ಕೀಲಿ, ಕತ್ತಲಲ್ಲಿ ಹೊಳೆಯುವ ಮುಳ್ಳು. ಮುಖದ ಮೇಲೆ 150 ಮೀಟರ್ ಎಂದು ಬರೆದಿತ್ತು. ಅಪ್ಪ ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲೇ ಬಿದ್ದು ನಿಂತುಹೋಗಿತ್ತು.

"ಕಾಕಾ, ನಮ್ಮ ಹೊಲದಾಗ ಈಗ ಬಾವಿ ಐತಿ. ನಾ ಈಸು ಕಲತೀನಿ. ನಮ್ಮ ಆಯಿ ಊರ ಬಾವಿ ಕಟ್ಟಿ ಸೈತ ಮುಟ್ಟಂಗಿದ್ದಿಲ್ಲ. ಯಾರಾರ ಬಂದು ಮ್ಯಾಲಿಂದ ಸುರುವತನಕ ಕೊಡ ಇಟ್ಕೊಂಡು ಕುಂದರತಿದ್ಲಂತ. ನಾ ಅಪ್ಪನ ವಾಚು ಕಟ್ಕೊಂಡು ನಮ್ಮ ಬಾವ್ಯಾಗ ಜಿಗೀಬೇಕು" ಅಂದ.

ಗಡಿಯಾರ ಬಿಚ್ಚಿದೆ. ಎಣ್ಣೆ ಒಣಗಿ ಅಂಟಾಗಿತ್ತು. ತೊಳೆದು, ಹೊಸ ಎಣ್ಣೆ ಹಾಕಿದೆ. ಗಂಟೆಗೆ 21,600 ಸಲ ಮಿಡಿಯುವ ಯಂತ್ರ ಮತ್ತೆ ಮಿಡಿಯಿತು. ಆದರೆ ಅಂಥ ಗಡಿಯಾರದಲ್ಲಿ ನೀರನ್ನು ತಡೆಯುವುದು ಉಕ್ಕು ಒಂದೇ ಅಲ್ಲ. ಹಿಂದಿನ ಮುಚ್ಚಳದ ಕೆಳಗೆ, ಗಾಜಿನ ಕೆಳಗೆ, ಕೀಲಿಯ ಒಳಗೆ ಕೂತಿರುವ ತೆಳುವಾದ ರಬ್ಬರ್ ಉಂಗುರಗಳೂ ಬೇಕು. ರಬ್ಬರ್ ವರ್ಷ ಕಳೆದಂತೆ ಗಡುಸಾಗುತ್ತದೆ, ಚಪ್ಪಟೆಯಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕಾರ್ಖಾನೆಯಿಂದ ಬಂದ ದಿನ 15 ವಾತಾವರಣದಷ್ಟು ಒತ್ತಡ ತಡೆಯುತ್ತಿದ್ದ ಗಡಿಯಾರ, ಉಂಗುರ ಸತ್ತ ಮೇಲೆ ಬಕೆಟ್ ನೀರಿನಲ್ಲೂ ಸೋರಬಹುದು.

ಹೊಸ ಉಂಗುರ ಹೊರಗಿನಿಂದ ತರಿಸಲು ಎಂಟು ದಿನ ಬೇಕಿತ್ತು. ಹುಡುಗನಿಗೆ ಭಾನುವಾರಕ್ಕೇ ಬೇಕಾಗಿತ್ತು. ನನಗೂ ದುಡ್ಡಿನ ಅಡಚಣೆ. ಹಳೆಯ ಉಂಗುರಕ್ಕೇ ಸಿಲಿಕೋನ್ ಗ್ರೀಸ್ ಸವರಿ ಮುಚ್ಚಿಬಿಟ್ಟೆ. ಮುಚ್ಚಿದ ಮೇಲೆ ಗಡಿಯಾರವನ್ನು ಸ್ವಲ್ಪ ಬಿಸಿ ಮಾಡಿ, ಗಾಜಿನ ಮೇಲೆ ಒಂದು ಹನಿ ತಣ್ಣೀರು ಬಿಟ್ಟು ನೋಡುವ ಪದ್ಧತಿ ಇದೆ. ಒಳಗೆ ಮಂಜು ಕಟ್ಟಿದರೆ ತೇವ ಹೊಕ್ಕಿದೆ ಎಂದರ್ಥ. ಒತ್ತಡದ ಯಂತ್ರವಿದ್ದವರಲ್ಲಿ ಕಳಿಸಿದರೆ ಗಾಳಿಯ ಗುಳ್ಳೆ ನೋಡಿಯೇ ಸೋರಿಕೆ ಹೇಳುತ್ತಾರೆ. ನಾನು ಎರಡನ್ನೂ ಮಾಡಲಿಲ್ಲ.

ಅವನು ಕೇಳಿದ: "ನೀರಾಗ ನಡೀತದಲ್ರಿ?"

ನಾನು ಹೇಳಿದೆ: "ಮ್ಯಾಲ 150 ಮೀಟರ್ ಅಂತ ಬರದದಲ್ಲೋ ತಮ್ಮಾ."

ಗಮನಿಸಿ, ನಾನು ಸುಳ್ಳು ಹೇಳಲಿಲ್ಲ. ಬರೆದದ್ದು ನಿಜವೇ.

ತಿಂಗಳ ನಂತರ ಅವನು ಮತ್ತೆ ಬಂದ. ಗಾಜಿನ ಒಳಗೆ ನೀರಿನ ಹನಿಗಳು. ಮುಳ್ಳುಗಳಿಗೆ ತುಕ್ಕು ಹಿಡಿದಿತ್ತು, ಕಪ್ಪು ಮುಖದ ಮೇಲೆ ಬಿಳಿ ಕಲೆ ಎದ್ದಿತ್ತು. ಅವನೇ ತಲೆ ತಗ್ಗಿಸಿ, "ನಾನ ಕೀಲಿ ಸರಿ ಬಿಗದಿದ್ದಿಲ್ಲ ಅನಸ್ತದ ಕಾಕಾ. ನಂದ ತಪ್ಪು" ಅಂದ. ನಾನು ಸುಮ್ಮನಿದ್ದೆ. ಗಡಿಯಾರ ಇಸಿದುಕೊಂಡು, "ನೋಡೋಣ" ಅಂದೆ.

ಆ ವಾರ ನಮ್ಮ ಬಳಗದಲ್ಲಿ ಮಜ್ಝಿಮ ನಿಕಾಯದ 61ನೆಯ ಸುತ್ತ, ಭಗವಾನರು ರಾಹುಲನಿಗೆ ಮಾಡಿದ ಉಪದೇಶ, ಚರ್ಚೆಗೆ ಇತ್ತು. ನಿಮಗೆ ನೆನಪಿರಬಹುದು. ಕಾಲು ತೊಳೆದ ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ ರಾಹುಲನಿಗೆ ತೋರಿಸುತ್ತಾರೆ. ಗೊತ್ತಿದ್ದೂ ಸುಳ್ಳಾಡಿ ನಾಚದವನಲ್ಲಿ ಉಳಿಯುವ ಒಳ್ಳೆಯತನ ಅಷ್ಟೇ ಎನ್ನುತ್ತಾರೆ. ಆ ನೀರನ್ನೂ ಚೆಲ್ಲುತ್ತಾರೆ, ಪಾತ್ರೆ ಮಗುಚಿ ಇಡುತ್ತಾರೆ. ನಂತರ ಕನ್ನಡಿಯ ಹೋಲಿಕೆ ಕೊಟ್ಟು, ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ಮೂರೂ ಸಲ ನೋಡಿಕೋ, ತಪ್ಪಾಗಿದ್ದರೆ ತಿಳಿದವರ ಮುಂದೆ ಬಿಚ್ಚಿ ಹೇಳು ಎನ್ನುತ್ತಾರೆ.

ನನಗೆ ಆವತ್ತು ಬಾಬಾಸಾಹೇಬರ ಮಹಾಡ ನೆನಪಾಯಿತು. 1923ರಲ್ಲೇ ಮುಂಬೈ ವಿಧಾನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಠರಾವು ಮಾಡಿತ್ತು. ಮಹಾಡ ಪುರಸಭೆಯೂ ಚವದಾರ ಕೆರೆ ಎಲ್ಲರಿಗೂ ಮುಕ್ತ ಎಂದು ಠರಾವು ಬರೆದಿತ್ತು. ಕಾಗದದ ಮೇಲೆ ಕೆರೆ ತೆರೆದಿತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರನ್ನು ಕರೆದುಕೊಂಡು ಹೋಗಿ ಆ ನೀರು ಕುಡಿಯಬೇಕಾಯಿತು, ಅದಕ್ಕಾಗಿ ನಮ್ಮವರು ಪೆಟ್ಟು ತಿನ್ನಬೇಕಾಯಿತು. ಬಾವಿ, ಕೆರೆ, ಸ್ನಾನಘಟ್ಟ ಎಲ್ಲರಿಗೂ ಎಂದು ಸಂವಿಧಾನದ 15ನೆಯ ವಿಧಿಯಲ್ಲಿ ಇಂದೂ ಬರೆದಿದೆ. ತೊಂದರೆ ಹೇಳಿಕೊಂಡು ಹೋದಾಗ ನಮಗೆ ಎಷ್ಟು ಸಲ ಇದೇ ಉತ್ತರ ಸಿಕ್ಕಿಲ್ಲ? "ಕಾನೂನಿನಾಗ ಬರದದಲ್ಲ, ಮತ್ತೇನು?" ಒಳಗೆ ಉಂಗುರ ಸತ್ತಿದೆಯೇ ಎಂದು ನೋಡದವರು ಮುಖದ ಮೇಲಿನ ಅಕ್ಷರ ತೋರಿಸುತ್ತಾರೆ. ಅದೇ ಉತ್ತರವನ್ನು ನಾನು ನಮ್ಮ ಹುಡುಗನಿಗೇ ಕೊಟ್ಟಿದ್ದೆ. ಅದೂ ನೀರಿನ ವಿಷಯದಲ್ಲಿ.

ಬಾಬಾಸಾಹೇಬರ 22 ಪ್ರತಿಜ್ಞೆಗಳಲ್ಲಿ ಸುಳ್ಳಾಡುವುದಿಲ್ಲ ಎಂಬುದೂ ಒಂದು. ಇಷ್ಟು ವರ್ಷ ಅದನ್ನು ನಾಲಿಗೆಗೆ ಸಂಬಂಧಿಸಿದ್ದು ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅದು ಕೇಳುವವನ ಮನಸ್ಸಿಗೂ ಸಂಬಂಧಿಸಿದ್ದು. ನನ್ನ ಮಾತಿನಿಂದ ಅವನು ಏನು ನಂಬಿದ? ಅವನು ಅದನ್ನು ನಂಬುತ್ತಾನೆ ಎಂದು ನನಗೆ ಗೊತ್ತಿತ್ತೇ? ಗೊತ್ತಿದ್ದರೆ ನನ್ನ ಶಬ್ದಗಳು ನಿಜವಾಗಿದ್ದರೂ ನಾನು ಆಡಿದ್ದು ಸುಳ್ಳೇ. ಬಿಚ್ಚಿ ನೋಡುವ ಕೌಶಲ ಇದ್ದವನಿಗೆ ಈ ಹೊಣೆ ಇನ್ನೂ ಹೆಚ್ಚು. ಡಾಕ್ಟರಿರಲಿ, ಮಾಸ್ತರಿರಲಿ, ವಕೀಲರಿರಲಿ, ನನ್ನಂಥ ರಿಪೇರಿಯವನಿರಲಿ, ಮುಚ್ಚಳದ ಒಳಗೆ ಏನಿದೆ ಎಂದು ಕಂಡವನು ಅವನೊಬ್ಬನೇ.

ಬಳಗದಲ್ಲಿ ಹೇಳಿಕೊಂಡೆ. ಮನಸ್ಸು ಹಗುರವಾಯಿತು. ಆ ಹಗುರದ ಮೇಲೇ ನನಗೆ ಸಂಶಯ ಬಂತು. ಗಡಿಯಾರ ಕೆಟ್ಟದ್ದು ಬಳಗದವರದಲ್ಲವಲ್ಲ. ಇತ್ತ ಆ ಹುಡುಗ ಇನ್ನೂ ತನ್ನದೇ ತಪ್ಪು ಎಂದುಕೊಂಡಿದ್ದ.

ಮುಂದಿನ ಭಾನುವಾರ ಬಬಲೇಶ್ವರಕ್ಕೆ ಹೋದೆ. ಅವನ ಹೊಲದ ಬಾವಿ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಯಂತ್ರ ಉಳಿದಿದೆ, ಮೂರೂ ಕಡೆ ಹೊಸ ಉಂಗುರ ಹಾಕಿ ಒತ್ತಡದ ಪರೀಕ್ಷೆ ಮಾಡಿಸಿ ಕೊಡುತ್ತೇನೆ, ಮುಖಕ್ಕೆ ಹೊಸ ಬಣ್ಣ ಹೊಡೆಸಬಹುದು, ಖರ್ಚೆಲ್ಲ ನನ್ನದು ಎಂದೆ.

"ಮುಖಕ್ಕ ಬಣ್ಣ ಬ್ಯಾಡ್ರಿ, ನಮ್ಮಪ್ಪ ನೋಡತಿದ್ದದ್ದು ಇದ" ಅಂದ. ಸ್ವಲ್ಪ ಹೊತ್ತು ನೀರು ನೋಡುತ್ತ ಕೂತು ಕೇಳಿದ: "ನಾ ಹಳ್ಳಿ ಬರದಿದ್ರ ಇದು ಹೇಳತಿದ್ರೇನ್ರಿ?"

ನನ್ನಲ್ಲಿ ಉತ್ತರ ಇರಲಿಲ್ಲ. ಇಲ್ಲ ಎಂಬುದೇ ನಿಜವಾದ ಉತ್ತರ. ಅದನ್ನೇ ಹೇಳಿದೆ.

ಈಗ ಪ್ರತಿ ರಸೀದಿಯ ಹಿಂದೆ ಮೂರು ಸಾಲು ಬರೆದು ಕೊಡುತ್ತೇನೆ: ಏನು ಬದಲಿಸಿದೆ, ಏನು ಬದಲಿಸಲಿಲ್ಲ, ಏನು ಪರೀಕ್ಷಿಸಲಿಲ್ಲ. ಎರಡನೆಯದನ್ನೂ ಮೂರನೆಯದನ್ನೂ ಓದಿ ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ. ನಷ್ಟವಾಗುತ್ತದೆ. ಸಮ್ಯಕ್ ಆಜೀವ ಪುಕ್ಕಟೆ ಸಿಗುವುದಿಲ್ಲ.

ಇವತ್ತು ಕೆಲಸಕ್ಕೆ ಹೋಗುವಾಗ ಒಂದು ಪ್ರಶ್ನೆ ಜೊತೆಗಿರಲಿ: ನಿಮ್ಮ ಮಾತು ನಂಬಿ ಯಾರಾದರೂ ಇವತ್ತು ನೀರಿಗೆ ಜಿಗಿಯುವವರಿದ್ದಾರೆಯೇ?

ನಮೋ ಬುದ್ಧಾಯ, ಜೈ ಭೀಮ್.