ಹೊಸಿಲೊಳಗಿನ ಕುನ್ನಿ: ಮೈಲಿಗೆ, ದೋಷ, ಅಧಿಕಾರ

ವಿಧಿಯನ್ನೇ ಅರಿಯದ ಜೀವಿ ವಿಧಿಯನ್ನು ಮೀರಿದರೆ ದೋಷ ಯಾರದು ಎಂಬ ಪ್ರಶ್ನೆಯನ್ನು ಭಾರತದ ದರ್ಶನಗಳು ಯಜ್ಞಶಾಲೆಯನ್ನೂ ಮುನಿಚರ್ಯೆಯನ್ನೂ ಎದುರಿಗಿಟ್ಟುಕೊಂಡು ಚರ್ಚಿಸಿದವು. ಇಂದು ಹಾಸನ ಸೀಮೆಯ ಮನೆಗಳಲ್ಲಿ ಅದೇ ಪ್ರಶ್ನೆ ದಿನಕ್ಕೆ ನಾಲ್ಕಾರು ಸಲ ಎದುರಾಗುವುದು ನೆಲ ಒರೆಸುವ ಬಟ್ಟೆಯ ರೂಪದಲ್ಲಿ. ಹೊಳೆನರಸೀಪುರ, ಅರಕಲಗೂಡು ಕಡೆಯ ಹಳೆಯ ತೊಟ್ಟಿಮನೆಯಲ್ಲಿ, ಅಂದರೆ ನಡುವೆ ತೆರೆದ ತೊಟ್ಟಿಯನ್ನು ಬಿಟ್ಟು ಸುತ್ತ ಕಟ್ಟಿದ ಮನೆಯಲ್ಲಿ, ನಾಯಿಯ ಗಡಿ ಜಗಲಿಗೆ ಮುಗಿಯುತ್ತಿತ್ತು. ಉಳಿದ ಮುದ್ದೆ ಸಾರು ಅದಕ್ಕೆ ಹೊರಗೇ ಬೀಳುತ್ತಿತ್ತು, ಹಿತ್ತಿಲೂ ತಿಪ್ಪೆಯೂ ಅದರ ಶೌಚಕ್ಕೆ ಸಾಕಾಗಿದ್ದವು, ಹೊಸಿಲು ದಾಟಿದರೆ ‘ಹಚಾ’ ಎಂಬ ಒಂದು ಗದರಿಕೆಗೆ ವ್ಯವಹಾರ ತೀರುತ್ತಿತ್ತು. ಹಾಸನದ ಬಡಾವಣೆಗಳ 30-40 ಸೈಟಿನ ಮನೆಗೆ ಹಿತ್ತಿಲೂ ಇಲ್ಲ, ತಿಪ್ಪೆಯೂ ಇಲ್ಲ. ಅಲ್ಲಿಗೆ 45 ದಿನದ ಮರಿಯಾಗಿ ಬಂದ ಲ್ಯಾಬ್ರಡಾರ್ ಹೊಸಿಲನ್ನಷ್ಟೇ ಅಲ್ಲ, ನಡುಮನೆಯನ್ನೂ ದಾಟಿ ದೇವರಕೋಣೆಯ ಬಾಗಿಲಲ್ಲಿ ಕುಕ್ಕರಿಸಿ ಉಚ್ಚೆ ಹೊಯ್ಯುವಾಗ, ಮನೆಯ ಹಿರಿಯರ ಬಾಯಿಂದ ಮೊದಲು ಹೊರಡುವ ಮಾತು ‘ಮೈಲಿಗೆ’ ಎಂಬುದು.

ಈ ಮಾತನ್ನು ಕೇವಲ ಗಲೀಜಿನ ಅರ್ಥದಲ್ಲಿ ತೆಗೆದುಕೊಂಡರೆ ಸಾಲದು. ಮಡಿ ಎಂದರೆ ದೇವಕಾರ್ಯಕ್ಕೂ ಅಡುಗೆಗೂ ತಕ್ಕ ಶುದ್ಧಸ್ಥಿತಿ, ಮೈಲಿಗೆ ಎಂದರೆ ಅದರ ಭಂಗ. ಕೊಳೆಯಿಲ್ಲದಿದ್ದರೂ ಮೈಲಿಗೆಯಾಗಬಹುದು, ಕೊಳೆಯಾಗಿದ್ದರೂ ಮಡಿ ಉಳಿಯಬಹುದು. ಹಸುವಿನ ಗಂಜಲವನ್ನು ಮನೆಯೊಳಗೆಲ್ಲ ಚಿಮುಕಿಸಿ ಶುದ್ಧಿ ಮಾಡುವ ಕೈಯೇ ನಾಯಿಯ ಉಚ್ಚೆ ಬಿದ್ದ ಕಡೆ ನೀರು ಹೊಯ್ದು ಶುದ್ಧಿ ಮಾಡುವುದನ್ನು ಗಮನಿಸಿದರೆ, ಮೈಲಿಗೆ ವಸ್ತುವಿನ ಗುಣವಲ್ಲ, ವ್ಯವಸ್ಥೆಯೊಂದರ ತೀರ್ಮಾನ ಎಂಬುದು ಸ್ಪಷ್ಟವಾಗುತ್ತದೆ. ಕೊಳೆಯೆಂದರೆ ಇರಬಾರದ ಜಾಗದಲ್ಲಿರುವ ವಸ್ತು ಎಂದು 1966ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಾದಿಸಿದ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ ಹೇಳಿದ್ದೂ ಇದನ್ನೇ. ಧರ್ಮಶಾಸ್ತ್ರವೂ ನಾಯಿಯ ವಿಷಯದಲ್ಲಿ ಒಂದೇ ಮಾತಿಗೆ ನಿಂತಿಲ್ಲ: ಅದು ಮುಟ್ಟಿದ ಅನ್ನವನ್ನು ತ್ಯಾಜ್ಯವೆನ್ನುವ ಪರಂಪರೆಯಲ್ಲೇ, ಬೇಟೆ ಹಿಡಿಯುವಾಗ ನಾಯಿಯ ಬಾಯಿ ಶುದ್ಧವೆಂದು ಮನುಸ್ಮೃತಿ ಒಪ್ಪುತ್ತದೆ, ವೈಶ್ವದೇವದ ಕೊನೆಯಲ್ಲಿ ನಾಯಿಗಳಿಗೂ ಅನ್ನದ ಪಾಲನ್ನು ಮೆಲ್ಲನೆ ನೆಲದ ಮೇಲಿಡಬೇಕೆಂದು ವಿಧಿಸುತ್ತದೆ. ಇನ್ನು ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು 950ರಲ್ಲಿ ನಿಂತ ಶಾಸನವಂತೂ, ಮಣಲೇರನೆಂಬ ವೀರನು ಬೇಡಿ ಪಡೆದ ಕಾಳಿಯೆಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದನ್ನು ಸ್ಮರಿಸಿ, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಪಾಪವನ್ನೇ ವಿಧಿಸುತ್ತದೆ.

ಹಾಗಾದರೆ ದೇವರಕೋಣೆಯ ಬಾಗಿಲಲ್ಲಿ ಆದದ್ದು ತಪ್ಪೇ ಅಲ್ಲವೇ? ಇಲ್ಲಿ ನೆರವಿಗೆ ಬರುವುದು ಪೂರ್ವಮೀಮಾಂಸೆಯ ‘ಅಧಿಕಾರ’ ಎಂಬ ಪರಿಕಲ್ಪನೆ. ಅಧಿಕಾರವೆಂದರೆ ಇಂದಿನ ಕಚೇರಿಯ ಅಧಿಕಾರವಲ್ಲ. ಒಂದು ವಿಧಿಯನ್ನು ಕೇಳಿ, ಅರ್ಥಮಾಡಿಕೊಂಡು, ಅದರಂತೆ ನಡೆಯಬಲ್ಲ ಅರ್ಹತೆ. ಪ್ರಾಣಿಗಳಿಗೆ ಈ ಅರ್ಹತೆಯಿಲ್ಲವಾದ್ದರಿಂದ ಯಜ್ಞದಲ್ಲಿ ಅವುಗಳಿಗೆ ಕರ್ತೃತ್ವವಿಲ್ಲ ಎಂದು ಮೀಮಾಂಸಕರು ನಿರ್ಣಯಿಸಿದರು. ಈ ನಿರ್ಣಯವನ್ನು ಪ್ರಾಣಿಯ ಕೀಳುತನಕ್ಕೆ ಸಾಕ್ಷಿಯಾಗಿ ಓದುವುದು ರೂಢಿಯಾದರೂ, ಅದರ ಇನ್ನೊಂದು ಮುಖ ಅಷ್ಟೇ ಗಟ್ಟಿಯಾದದ್ದು: ವಿಧಿ ಯಾರನ್ನು ಉದ್ದೇಶಿಸಿ ಹೇಳಿಲ್ಲವೋ ಅವರನ್ನು ನಿಷೇಧವೂ ಕಟ್ಟಲಾರದು, ನಿಷೇಧ ಕಟ್ಟದವರಿಗೆ ದೋಷವೂ ಇಲ್ಲ, ದೋಷವಿಲ್ಲದವರಿಗೆ ದಂಡನೆ ಸಲ್ಲದು.

ಸಲ್ಲದ ದಂಡನೆಯಿಂದಲೇ ಮಹಾಭಾರತದ ಆದಿಪರ್ವದ ಒಂದು ಪ್ರಸಂಗ ಆರಂಭವಾಗುತ್ತದೆಂಬುದು ಅನೇಕರ ಗಮನಕ್ಕೆ ಬಂದಿಲ್ಲ. ಕುರುಕ್ಷೇತ್ರದಲ್ಲಿ ಜನಮೇಜಯನು ದೀರ್ಘಸತ್ರ ನಡೆಸುತ್ತಿದ್ದಾಗ ದೇವಶುನಿ, ಅಂದರೆ ದೇವತೆಗಳ ಹೆಣ್ಣುನಾಯಿ, ಸರಮೆಯ ಮರಿಯೊಂದು ಅಲ್ಲಿಗೆ ಬರುತ್ತದೆ; ರಾಜನ ತಮ್ಮಂದಿರಾದ ಶ್ರುತಸೇನ, ಉಗ್ರಸೇನ, ಭೀಮಸೇನರು ಅದನ್ನು ಹೊಡೆದಟ್ಟುತ್ತಾರೆ. ಅಳುತ್ತ ತಾಯಿಯ ಬಳಿಗೆ ಹೋದ ಮರಿ, ಹವಿಸ್ಸನ್ನು ತಾನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಎನ್ನುತ್ತದೆ. ಸರಮೆ ಯಜ್ಞಶಾಲೆಗೇ ಬಂದು ಕಾರಣ ಕೇಳುತ್ತಾಳೆ, ಉತ್ತರ ಸಿಗುವುದಿಲ್ಲ. ತಪ್ಪು ಮಾಡದವನನ್ನು ಹೊಡೆದದ್ದರಿಂದ ಕಾಣದ ಭಯವೊಂದು ನಿಮಗೆ ಬಂದೊದಗಲಿ ಎಂದು ಶಪಿಸುತ್ತಾಳೆ. ಆ ಭಯವನ್ನು ಕಳೆಯಬಲ್ಲ ಪುರೋಹಿತನನ್ನು ಹುಡುಕಿಕೊಂಡು ಜನಮೇಜಯನು ಅಲೆಯಬೇಕಾಯಿತು.

ಇದಕ್ಕೆ ಜೈನ ಪರಂಪರೆಯಲ್ಲಿ ಒಂದು ಜೋಡಿಕಥೆಯಿದೆ. ವಾದೀಭಸಿಂಹನ ಸಂಸ್ಕೃತ ಕೃತಿಗಳಲ್ಲೂ, 1424ರಲ್ಲಿ ಭಾಸ್ಕರಕವಿ ಕನ್ನಡದಲ್ಲಿ ರಚಿಸಿದ ‘ಜೀವಂಧರಚರಿತೆ’ಯ ವಸ್ತುವಿನಲ್ಲೂ ಬರುವ ಈ ಕಥೆಯ ನಾಯಿ ಸರಮೆಯ ಮರಿಯಂತೆ ನಿರಪರಾಧಿಯಲ್ಲ, ಯಜ್ಞದ ಅನ್ನಕ್ಕೆ ಅದು ನಿಜವಾಗಿಯೂ ಬಾಯಿ ಹಾಕಿದೆ, ಅದಕ್ಕಾಗಿ ಸಾಯುವಷ್ಟು ಪೆಟ್ಟು ತಿಂದಿದೆ. ರಾಜಕುಮಾರ ಜೀವಂಧರನು ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ, ನಾಯಿ ಸತ್ತು ಸುದರ್ಶನನೆಂಬ ಯಕ್ಷನಾಗಿ ಹುಟ್ಟುತ್ತದೆ. ಮೊದಲ ಕಥೆ ‘ನೆಕ್ಕಲಿಲ್ಲ, ಆದ್ದರಿಂದ ಹೊಡೆದದ್ದು ತಪ್ಪು’ ಎನ್ನುವಲ್ಲಿ ನಿಂತರೆ, ಎರಡನೆಯದು ನೆಕ್ಕಿದ್ದರೂ ಹೊಡೆದದ್ದು ತಪ್ಪು ಎಂಬ ನೆಲೆಗೆ ಏರುತ್ತದೆ. ಮನೆಯೊಳಗೆ ಉಚ್ಚೆ ಹೊಯ್ದಿರುವುದು ಸಂದೇಹಾತೀತವಾಗಿರುವ ಮರಿಯ ವಿಚಾರದಲ್ಲಿ ಉಪಯೋಗಕ್ಕೆ ಬರುವುದು ಎರಡನೆಯದೇ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಪರಿಸರದಲ್ಲಿ ಈ ವಿಚಾರಕ್ಕೆ ಇನ್ನೂ ನೇರವಾದ ಆಧಾರವಿದೆ. ಮಲಮೂತ್ರ ವಿಸರ್ಜನೆಯನ್ನೇ ಒಂದು ವ್ರತದ ವಿಷಯವಾಗಿಸಿದ ಧರ್ಮಗಳಲ್ಲಿ ಜೈನಧರ್ಮದಷ್ಟು ಸೂಕ್ಷ್ಮವಾಗಿ ಯೋಚಿಸಿದ್ದು ವಿರಳ. ಮುನಿಗಳು ಪಾಲಿಸಬೇಕಾದ ಐದು ‘ಸಮಿತಿ’ಗಳಲ್ಲಿ, ಅಂದರೆ ಎಚ್ಚರದ ನಡವಳಿಕೆಗಳಲ್ಲಿ, ಐದನೆಯದು ಉತ್ಸರ್ಗಸಮಿತಿ: ಜೀವಜಂತುಗಳಿಲ್ಲದ ಜಾಗವನ್ನು ನೋಡಿ, ನವಿಲುಗರಿಯ ಪಿಂಛಿಯಿಂದ ಮೆಲ್ಲನೆ ಸವರಿ, ಆಮೇಲೆ ವಿಸರ್ಜಿಸುವುದು. ದಿಗಂಬರ ಮುನಿಯ ಕೈಯಲ್ಲಿರುವ ಎರಡು ವಸ್ತುಗಳಲ್ಲಿ ಒಂದಾದ ಕಮಂಡಲುವಿಗೆ ಶೌಚೋಪಕರಣವೆಂದೇ ಹೆಸರು. ಎಲ್ಲವನ್ನೂ ಬಿಟ್ಟವನಿಗೂ ಇದನ್ನು ಕಲಿಯುವುದು ತಪ್ಪಲಿಲ್ಲವೆಂದಮೇಲೆ, ಎರಡು ತಿಂಗಳ ಕುನ್ನಿಗೆ ಅದು ತಾನಾಗಿ ಬರಬೇಕೆಂದು ಬಯಸುವುದು ಕೊಂಚ ಹೆಚ್ಚೇ ಆಯಿತು. ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರ್ವಚಿಸುವಾಗ ಪ್ರಾಣಹರಣದ ಜೊತೆಗೆ ‘ಪ್ರಮಾದ’ವನ್ನು, ಎಚ್ಚರ ತಪ್ಪುವಿಕೆಯನ್ನು, ಸೇರಿಸುತ್ತದೆ. ಈ ಅಳತೆಗೋಲನ್ನು ಹಿಡಿದರೆ ಪ್ರಮಾದ ಯಾರದೆಂಬುದು ಬೇಗ ತಿಳಿಯುತ್ತದೆ: ಮರಿ ಆಟ ನಿಲ್ಲಿಸಿ, ಮೂಗನ್ನು ನೆಲಕ್ಕೆ ಹಚ್ಚಿ, ಒಂದೆರಡು ಸುತ್ತು ಸುತ್ತಿ, ಹಿಂಗಾಲು ಬಗ್ಗಿಸುವ ಆ ಹತ್ತು ಕ್ಷಣಗಳಲ್ಲಿ ಮೊಬೈಲ್ ನೋಡುತ್ತಿದ್ದವನದು.

ಮರಿಗೆ ಶೌಚದ ಬುದ್ಧಿಯೇ ಇಲ್ಲವೆಂಬುದೂ ನಿಜವಲ್ಲ. ಹುಟ್ಟಿದ ಮೊದಲ ವಾರಗಳಲ್ಲಿ ತಾಯಿ ನೆಕ್ಕದೆ ಅದು ಮೂತ್ರವನ್ನೇ ವಿಸರ್ಜಿಸಲಾರದು, ತಾಯಿಯ ನಾಲಿಗೆಯೇ ಅದರ ಕಮಂಡಲು. ಸುಮಾರು ಮೂರು ವಾರ ತುಂಬಿದಾಗ ಮಲಗುವ ಜಾಗವನ್ನು ಬಿಟ್ಟು ತುಸು ದೂರ ತೆವಳಿ ಹೋಗಿ ವಿಸರ್ಜಿಸತೊಡಗುತ್ತದೆ. ಅಂದರೆ ‘ಮಲಗುವ ಕಡೆ ಹೊಲಸು ಮಾಡಬಾರದು’ ಎಂಬ ವಿಧಿ ಅದರಲ್ಲಿ ಆಗಲೇ ಇದೆ; ಅದು ತಿಳಿಯದಿರುವುದು ಇಷ್ಟೇ, ತನ್ನ ಗೋಣಿತಾಟಿನಿಂದ ಹತ್ತಡಿ ಆಚೆಗಿರುವ ದೇವರಕೋಣೆಯ ಬಾಗಿಲೂ ಮನೆಯೇ ಎಂಬುದು. ಯಜಮಾನನ ‘ಮನೆ’ ನಾಲ್ಕು ಗೋಡೆಯಷ್ಟು, ಮರಿಯ ‘ಮನೆ’ ಒಂದು ಗೋಣಿತಾಟಿನಷ್ಟು.

ಯಜಮಾನನು ತನ್ನ ‘ಮನೆ’ಯನ್ನು ಮರಿಯ ‘ಮನೆ’ಯ ಮೇಲೆ ಹೊರಿಸುತ್ತಾನೆ; ಒಂದರ ಮೇಲೆ ಇನ್ನೊಂದನ್ನು ಹೀಗೆ ಹೊರಿಸಿ ನೋಡುವುದನ್ನು ಶಂಕರಾಚಾರ್ಯರು ‘ಅಧ್ಯಾಸ’ ಎಂದರು. ಅವರ ಭಾಷ್ಯಗಳನ್ನು ಕನ್ನಡಿಗರಿಗೆ ತಲುಪಿಸಲು ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು (1880-1975) 1920ರಲ್ಲಿ ಸ್ಥಾಪಿಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಹೇಮಾವತಿ ದಡದ ಹೊಳೆನರಸೀಪುರದಲ್ಲಿ ನೆಲೆಗೊಂಡಿದೆ. ಸ್ವಾಮಿಗಳ ಬರಹದ ಬಹುಪಾಲು ಈ ಅಧ್ಯಾಸದ ವಿಚಾರವನ್ನೇ ಸುತ್ತುತ್ತದೆ. ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿ, ಕೋಲೆತ್ತಿದವನನ್ನು ಕಂಡು ಓಡುವ, ಹಸಿ ಹುಲ್ಲು ಹಿಡಿದವನನ್ನು ಕಂಡು ಹತ್ತಿರ ಬರುವ ಪಶುವಿನ ಉದಾಹರಣೆಯನ್ನು ಕೊಟ್ಟು, ಪಂಡಿತನ ಲೋಕವ್ಯವಹಾರವೂ ಇದಕ್ಕಿಂತ ಭಿನ್ನವಲ್ಲವೆಂದು ಶಂಕರರು ತೋರಿಸುತ್ತಾರೆ. ಅವರ ಉದ್ದೇಶ ಪಶುಪಾಲನೆಯ ಪಾಠವಲ್ಲವೆಂಬುದು ನಿಜ. ಆದರೂ ಎರಡು ದಾರಿಗಳೂ ಅಲ್ಲಿವೆ. ಕೋಲೆತ್ತಿದರೆ ಮರಿ ಕಲಿಯುವುದು ಜಾಗದ ವಿಚಾರವನ್ನಲ್ಲ, ಮನುಷ್ಯನ ವಿಚಾರವನ್ನು: ಇವನೆದುರು ಉಚ್ಚೆ ಹೊಯ್ಯಬಾರದೆಂದು ತಿಳಿದು ಸೋಫಾದ ಹಿಂದೆ ಹೋಗುತ್ತದೆ, ಇಲ್ಲವೇ ಗದರಿದ ಸದ್ದಿಗೇ ಹೆದರಿ ನಿಂತಲ್ಲೇ ಎರಡನೆಯ ಬಾರಿ ಬಿಡುತ್ತದೆ. ಸರಮೆಯ ಶಾಪದ ‘ಕಾಣದ ಭಯ’ ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಹಿಡಿಯುವ ಬಗೆ ಇದು.

ಮೈಲಿಗೆ ಅಧ್ಯಾಸವಾದೀತು, ವಾಸನೆ ಮಾತ್ರ ಅಧ್ಯಾಸವಲ್ಲ. ಕನ್ನಡದಲ್ಲಿ ವಾಸನೆಯೆಂದರೆ ಮೂಗಿಗೆ ಬರುವುದೂ ಹೌದು, ಹಿಂದಿನ ಅನುಭವ ಚಿತ್ತದಲ್ಲಿ ಉಳಿಸಿಹೋದ ಸಂಸ್ಕಾರವೂ ಹೌದು, ಮತ್ತೆ ಅದೇ ಕರ್ಮಕ್ಕೆ ಎಳೆಯುವುದು ಎರಡರ ಸ್ವಭಾವವೂ ಹೌದು. ಫಿನಾಯಿಲ್ ಹಾಕಿ ಒರೆಸಿದ ನೆಲ ಮನುಷ್ಯನ ಮೂಗಿಗೆ ಶುದ್ಧವಾಗಿ ಕಂಡರೂ, ಟೈಲ್ಸ್ ಸಂದಿಯಲ್ಲಿ ಉಳಿದದ್ದು ನಾಯಿಯ ಮೂಗಿಗೆ ಹಾಗೆಯೇ ಇರುತ್ತದೆ, ನಾಳೆ ಅದೇ ಮೂಲೆಗೆ ಕರೆಯುತ್ತದೆ. ಅಮೋನಿಯಾ ಇರುವ ದ್ರಾವಣವಂತೂ ಉಚ್ಚೆಯದೇ ವಾಸನೆ ಕೊಟ್ಟು ಕರೆಯನ್ನು ಜೋರಾಗಿಸುತ್ತದೆ. ಮೂತ್ರದ ಅಂಶಗಳನ್ನೇ ಒಡೆಯುವ ಕಿಣ್ವಗಳಿರುವ ದ್ರಾವಣದಿಂದ ತೊಳೆಯುವುದು ಇದಕ್ಕೆ ಪರಿಹಾರ. ವಿದ್ಯಾರಣ್ಯರು ಜೀವನ್ಮುಕ್ತಿವಿವೇಕದಲ್ಲಿ ವಾಸನಾಕ್ಷಯವನ್ನು ಪ್ರತ್ಯೇಕ ಸಾಧನವಾಗಿ ಎಣಿಸಿದ್ದಕ್ಕೆ, ತಿಳಿದ ಮಾತ್ರಕ್ಕೆ ಹಳೆಯ ಸೆಳೆತ ಹೋಗುವುದಿಲ್ಲವೆಂಬ ಅನುಭವವೇ ಕಾರಣ.

ಹಳೆಯದನ್ನು ಅಳಿಸಿದ ಮೇಲೆ ಹೊಸದನ್ನು ಊರಬೇಕು. ಅಭ್ಯಾಸ ದೃಢವಾಗಲು ದೀರ್ಘಕಾಲ, ಎಡೆಬಿಡದಿರುವಿಕೆ, ಆದರ ಈ ಮೂರೂ ಬೇಕೆಂದು ಪತಂಜಲಿ ಹೇಳುತ್ತಾನೆ. ಸಂಗೀತ ವಿದ್ವಾಂಸರ ಊರೆಂದೇ ಹೆಸರಾದ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದವರಿಗೆ ಸರಳೆ ವರಸೆಯಿಂದ ಬಲ್ಲ ಸಂಗತಿ ಇದು. ಮೂರನೆಯದಾದ ಆದರವೇ ನಾಯಿ ಸಾಕುವ ಮನೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು. ಹೊರಗೆ ಹುಲ್ಲಿನ ಮೇಲೆ ಮರಿ ಮುಗಿಸಿದ ಕೂಡಲೇ ಅಲ್ಲಿಯೇ ಒಂದು ಮೆಚ್ಚುಗೆಯ ಮಾತನ್ನೂ ಒಂದು ತುಣುಕು ತಿಂಡಿಯನ್ನೂ ಕೊಡುವುದು ಶಂಕರರ ಉದಾಹರಣೆಯ ಹಸಿ ಹುಲ್ಲು. ಒಳಗೆ ತಪ್ಪಿದಾಗ ಮೂತಿಯನ್ನು ಉಚ್ಚೆಗೆ ತಿಕ್ಕುವ ರೂಢಿಗೆ ಮೀಮಾಂಸೆಯ ಆಧಾರವೂ ಇಲ್ಲ, ಜೈನಾಗಮದ ಆಧಾರವೂ ಇಲ್ಲ, ಪಶುವೈದ್ಯದ ಆಧಾರವೂ ಇಲ್ಲ. ಅದು ಶೌಚವೆಂಬ ಹೆಸರಿನಲ್ಲಿ ನಡೆಯುವ ಕೋಪ ಮಾತ್ರ.

ಅಧಿಕಾರವಿರುವವನೇ ವ್ರತ ಹಿಡಿಯಬೇಕಾದ್ದರಿಂದ, ಈ ಪ್ರಕರಣದಲ್ಲಿ ವ್ರತಸ್ಥನು ಮರಿಯಲ್ಲ, ಯಜಮಾನ. ಎರಡು ತಿಂಗಳ ಮರಿ ಹಗಲಿನಲ್ಲಿ ಹೆಚ್ಚೆಂದರೆ ಎರಡು ಗಂಟೆಯಷ್ಟು ತಡೆದುಕೊಳ್ಳಬಲ್ಲದು, ಪೂರ್ತಿ ಹಿಡಿತಕ್ಕೆ ಐದಾರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಅದು ನಿದ್ದೆಯಿಂದ ಎದ್ದಾಗ, ಉಂಡಾಗ, ಆಡಿ ನಿಂತಾಗ ಬಾಗಿಲು ತೆಗೆದು ಹೊರಗೆ ಒಯ್ಯಬೇಕು. ಹಾಸನದ ಮಾರ್ಗಶಿರದ ಚಳಿಯಲ್ಲಿ, ಬೆಳಗಿನ ಐದೂವರೆಗೂ.