ಸತ್ತವರ ಕಡತ, ಉಳಿದವರ ಹಕ್ಕು

ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಉಪ ಕಾನೂನು ಸಲಹೆಗಾರರಾಗಿದ್ದ ವಿನ್ಸೆಂಟ್ ಫಾಸ್ಟರ್ 1993ರ ಜುಲೈ 20ರಂದು ವಾಷಿಂಗ್ಟನ್ ಹೊರವಲಯದ ಫೋರ್ಟ್ ಮಾರ್ಸಿ ಉದ್ಯಾನದಲ್ಲಿ ಗುಂಡೇಟಿನಿಂದ ಸತ್ತು ಬಿದ್ದಿದ್ದರು. ಸ್ಥಳಕ್ಕೆ ಬಂದ ಪೊಲೀಸರು ಶವದ ಹತ್ತು ಬಣ್ಣದ ಫೋಟೊ ತೆಗೆದರು, ಆತ್ಮಹತ್ಯೆ ಎಂದು ವರದಿ ಬರೆದರು. ಆಮೇಲೆ ತನಿಖೆ ಮಾಡಿದ ಎಫ್‌ಬಿಐ, ಸಂಸತ್ತಿನ ಸಮಿತಿಗಳು, ರಾಬರ್ಟ್ ಫಿಸ್ಕ್ ಮತ್ತು ಕೆನೆತ್ ಸ್ಟಾರ್ ಎಂಬ ಇಬ್ಬರು ಸ್ವತಂತ್ರ ತನಿಖಾಧಿಕಾರಿಗಳು, ಎಲ್ಲರೂ ಅದೇ ತೀರ್ಮಾನಕ್ಕೆ ಬಂದರು. ಆದರೂ ಫೇವಿಶ್ ಎಂಬ ವಕೀಲರಿಗೆ ಇದು ಒಪ್ಪಿಗೆಯಾಗಲಿಲ್ಲ. ಅಲ್ಲಿನ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯ ಅಡಿಯಲ್ಲಿ ಅವರು ಆ ಫೋಟೊಗಳನ್ನು ಕೇಳಿದರು. ಕೆಳಗಿನ ಕೋರ್ಟುಗಳನ್ನು ದಾಟಿ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಬರುವ ಹೊತ್ತಿಗೆ ಉಳಿದದ್ದು ನಾಲ್ಕು ಫೋಟೊಗಳ ಪ್ರಶ್ನೆ.

ಫೋಟೊ ತೆಗೆದದ್ದು ಸರ್ಕಾರ. ಖರ್ಚು ಜನರದು. ಸತ್ತವರು ಸರ್ಕಾರದ ಉನ್ನತ ಅಧಿಕಾರಿ. ಹಾಗಿದ್ದ ಮೇಲೆ ಕಡತ ಜನರದ್ದಲ್ಲದೆ ಇನ್ಯಾರದು? ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಎದುರು ಕಡೆಯಲ್ಲಿ ಫಾಸ್ಟರ್ ಅವರ ಸೋದರಿ ನಿಂತಿದ್ದರು. ಅದಾಗಲೇ ಒಂದು ಫೋಟೊ ಸೋರಿ ಪತ್ರಿಕೆಗಳ ಪಾಲಾಗಿತ್ತು. ಅದು ಕಣ್ಣಿಗೆ ಬಿದ್ದಾಗಲೆಲ್ಲ ಸೋದರನ ಕೊನೆಯ ಗಳಿಗೆಗಳು ಎದುರು ನಿಲ್ಲುತ್ತವೆ, ನಿದ್ದೆ ಹತ್ತುವುದಿಲ್ಲ ಎಂದು ಅವರು ಪ್ರಮಾಣಪತ್ರದಲ್ಲಿ ಹೇಳಿಕೊಂಡಿದ್ದರು. 2004ರ ಮಾರ್ಚ್ 30ರಂದು ನ್ಯಾಯಮೂರ್ತಿ ಆಂಥೊನಿ ಕೆನಡಿ ಬರೆದ ಸರ್ವಾನುಮತದ ತೀರ್ಪು ಕುಟುಂಬದ ಪರವಾಗಿ ಬಂತು. ಅಣ್ಣನ ಶವಕ್ಕೆ ಗೌರವ ಸಿಗಬೇಕೆಂದು ಹಟ ಹಿಡಿದ ಆಂಟಿಗೊನಿಯ ಗ್ರೀಕ್ ನಾಟಕವನ್ನೂ ಅದು ನೆನೆಯಿತು.

ಇಂಥ ವ್ಯಾಜ್ಯಗಳ ಬಗ್ಗೆ ಬರೆಯುವವರು ತಕ್ಕಡಿಯ ಭಾಷೆ ಬಳಸುತ್ತಾರೆ: ಒಂದು ತಟ್ಟೆಯಲ್ಲಿ ಕುಟುಂಬದ ಖಾಸಗಿತನ, ಇನ್ನೊಂದರಲ್ಲಿ ಜನರ ತಿಳಿಯುವ ಹಕ್ಕು, ಯಾವುದು ತೂಗುತ್ತದೋ ಅದು ಗೆದ್ದಂತೆ. ನನಗೆ ಇದು ದಾರಿ ತಪ್ಪಿಸುವ ಭಾಷೆ ಅನ್ನಿಸುತ್ತದೆ. ಅದು ಎರಡನ್ನೂ ಒಂದೇ ಜಾತಿಯ ಸರಕು ಎಂದು ಎಣಿಸಿ, ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಲೇಬೇಕು ಎಂದುಕೊಳ್ಳುತ್ತದೆ. ಅಷ್ಟಕ್ಕೂ ಇಲ್ಲಿ ತೂಗಬೇಕಾದ ಖಾಸಗಿತನ ಯಾರದು ಎಂಬುದೇ ಮೊದಲು ತೀರ್ಮಾನವಾಗಬೇಕು.

1890ರಲ್ಲಿ ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿಸ್ ಬ್ರಾಂಡೈಸ್ ಹಾರ್ವರ್ಡ್ ಕಾನೂನು ಪತ್ರಿಕೆಯಲ್ಲಿ ಬರೆದ ಲೇಖನದಿಂದ ಖಾಸಗಿತನದ ಆಧುನಿಕ ಚರ್ಚೆ ಶುರುವಾಯಿತು ಎನ್ನುತ್ತಾರೆ. ತನ್ನ ಪಾಡಿಗೆ ತನ್ನನ್ನು ಬಿಡಬೇಕೆಂದು ಕೇಳುವ ಹಕ್ಕು ಅದು. ಕೇಳಲು ಜೀವ ಇರಬೇಕು. ಸತ್ತವನಿಗೆ ಏನೂ ತಟ್ಟುವುದಿಲ್ಲವೆಂದು ಎಪಿಕ್ಯುರಸ್ ಎಂದೋ ಹೇಳಿದ್ದ. ಮಕ್ಕಳು ಮೊಮ್ಮಕ್ಕಳ ಏಳುಬೀಳು ಸತ್ತವರನ್ನು ಒಂದಿಷ್ಟಾದರೂ ಮುಟ್ಟಬಹುದೇ ಎಂದು ಅರಿಸ್ಟಾಟಲ್ ತನ್ನ ನೀತಿಗ್ರಂಥದಲ್ಲಿ ಚರ್ಚಿಸಿ, ಮುಟ್ಟಿದರೂ ಅದು ತೀರಾ ಕ್ಷೀಣ ಎಂದ. ನಮ್ಮಲ್ಲೂ ಈ ಪ್ರಶ್ನೆ ಕೋರ್ಟಿಗೆ ಬಂದಿದೆ. ಮೇಲುಕೋಟೆಯಲ್ಲಿ ಹುಟ್ಟಿ ತಮಿಳುನಾಡಿನ ಮುಖ್ಯಮಂತ್ರಿಯಾದ ಜಯಲಲಿತಾ ಅವರ ಜೀವನ ಕುರಿತ ಸಿನಿಮಾದ ವಿವಾದದಲ್ಲಿ ಮದ್ರಾಸ್ ಹೈಕೋರ್ಟ್ 2021ರಲ್ಲಿ, ವ್ಯಕ್ತಿಯ ಖಾಸಗಿತನ ವ್ಯಕ್ತಿಯ ಜತೆಗೇ ಮುಗಿಯುತ್ತದೆ ಎಂದಿತು.

ಫೇವಿಶ್ ತೀರ್ಪು ಹಿಡಿದ ದಾರಿ ಬೇರೆ. ಸತ್ತವರಿಗೆ ಹಕ್ಕು ಉಳಿಯುತ್ತದೆಯೇ ಎಂಬ ಕಗ್ಗಂಟಿಗೆ ಅದು ಕೈಹಾಕಲಿಲ್ಲ. ಬದುಕಿರುವ ತಾಯಿ, ಹೆಂಡತಿ, ಮಕ್ಕಳು, ಸೋದರಿ ತಮ್ಮವರನ್ನು ತಮ್ಮ ರೀತಿಯಲ್ಲಿ ನೆನೆದುಕೊಳ್ಳುವುದಕ್ಕೆ, ದುಃಖಿಸುವುದಕ್ಕೆ ಅಡ್ಡಿಯಾಗಬಾರದು. ಇದು ಅವರದೇ ಹಕ್ಕು ಎಂದಿತು. ಇದು ಸರಿಯಾದ ನೆಲೆ. ಮರಣದ ಕಡತ ಒಬ್ಬ ವ್ಯಕ್ತಿಯ ಕುರಿತದ್ದಾದರೂ ಅದರ ಪೆಟ್ಟು ಬೀಳುವುದು ಒಂದು ಮನೆಯ ಮೇಲೆ.

ಇಲ್ಲಿ ನೆರವಿಗೆ ಬರುವವರು ಅಮೆರಿಕದ ತತ್ತ್ವಚಿಂತಕಿ ಹೆಲೆನ್ ನಿಸೆನ್‌ಬಾಮ್. 2004ರ ಒಂದು ಪ್ರಬಂಧದಲ್ಲಿ, ಮತ್ತೆ 2010ರ ಪುಸ್ತಕದಲ್ಲಿ, ಅವರು ಬೆಳೆಸಿದ ಪರಿಕಲ್ಪನೆಯನ್ನು ಕನ್ನಡದಲ್ಲಿ ಸಂದರ್ಭನಿಷ್ಠೆ ಎಂದು ಕರೆಯೋಣ. ಮಾಹಿತಿಯನ್ನು ಗುಟ್ಟು ಮತ್ತು ಬಹಿರಂಗ ಎಂದು ಎರಡೇ ಭಾಗ ಮಾಡುವುದು ತಪ್ಪು ಎನ್ನುತ್ತಾರೆ ಅವರು. ಪ್ರತಿಯೊಂದು ಮಾಹಿತಿಯೂ ಒಂದು ಸಂದರ್ಭದಲ್ಲಿ, ಒಬ್ಬರಿಂದ ಇನ್ನೊಬ್ಬರಿಗೆ, ಒಂದು ನಿಯಮದ ಪ್ರಕಾರ ಹರಿಯುತ್ತದೆ. ಮಾಹಿತಿ ಯಾರ ಕುರಿತದ್ದು, ಯಾವ ಬಗೆಯದು, ಹೇಳುವವರು ಯಾರು, ಕೇಳಿಸಿಕೊಳ್ಳುವವರು ಯಾರು, ಯಾವ ಷರತ್ತಿನ ಮೇಲೆ ಎಂಬುದನ್ನು ನೋಡಬೇಕು. ಆ ಸಂದರ್ಭದ ಉದ್ದೇಶಕ್ಕೆ ಹೊಂದುವ ಹರಿವು ಸರಿ. ಅದನ್ನು ಮುರಿಯುವ ಹರಿವು ಖಾಸಗಿತನದ ಉಲ್ಲಂಘನೆ.

ಇದು ನಮಗೆ ಹೊಸದೇನಲ್ಲ. ಸಾವಿನ ಮನೆಗೆ ಊರಿಗೆ ಊರೇ ಬರುತ್ತದೆ. ಅಂಗಳದಲ್ಲಿ ಮಲಗಿಸಿದ ದೇಹದ ಮುಖ ನೋಡಿ, ಹಾರ ಹಾಕಿ, ಕೈಮುಗಿದು ಹೋಗುತ್ತದೆ. ಅಲ್ಲಿ ಗುಟ್ಟು ಎಂಬುದೇ ಇಲ್ಲ. ಆದರೆ ಬಂದವನೊಬ್ಬ ಆ ಮುಖದ ಫೋಟೊ ತೆಗೆದು ಪರಿಚಯವಿಲ್ಲದ ಸಾವಿರ ಜನರ ವಾಟ್ಸ್‌ಆ್ಯಪ್‌ಗೆ ಕಳಿಸಿದರೆ ಮನೆಯವರಿಗೆ ಹೊಟ್ಟೆ ಉರಿಯುತ್ತದೆ. ಎಲ್ಲರೂ ನೋಡಿದ್ದೇ ಅಲ್ಲವೇ ಎಂಬ ಅವನ ಸಮಜಾಯಿಷಿ ಯಾರಿಗೂ ಹಿಡಿಸುವುದಿಲ್ಲ. ನೋಡಿದ್ದು ಅದೇ ಮುಖವಾದರೂ ನೋಡಲು ಬಂದ ಕಾರಣ ಬೇರೆಯಾಗಿತ್ತು.

ಸರ್ಕಾರಿ ದಾಖಲೆಗೆ ಈ ಯೋಚನೆಯನ್ನು ತಂದಾಗ ಒಂದು ತೊಡಕು ಎದುರಾಗುತ್ತದೆ. ಮಾಹಿತಿ ಕಾಯ್ದೆಗಳು ಅರ್ಜಿದಾರ ಯಾರು, ಅವನಿಗೆ ಏಕೆ ಬೇಕು ಎಂದು ಸಾಮಾನ್ಯವಾಗಿ ಕೇಳುವುದಿಲ್ಲ. ನಮ್ಮ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿದಾರ ಕಾರಣ ಹೇಳಬೇಕಿಲ್ಲ ಎಂದು ಸ್ಪಷ್ಟವಾಗಿಯೇ ಬರೆದಿದೆ. ಈ ಕುರುಡು ಒಳ್ಳೆಯದಕ್ಕೇ ಇರುವುದು. ಏಕೆ ಬೇಕು ಎಂದು ಕೇಳುವ ಅಧಿಕಾರ ಗುಮಾಸ್ತನಿಗೆ ಸಿಕ್ಕ ದಿನ ಬಡವರ ಅರ್ಜಿ ಮೊದಲು ತಿರಸ್ಕಾರವಾಗುತ್ತದೆ. ಆದರೆ ಒಬ್ಬರಿಗೆ ಕೊಟ್ಟದ್ದು ಎಲ್ಲರಿಗೂ ಕೊಟ್ಟಂತೆ. ಸಂಶೋಧಕನಿಗೆ ಕೊಟ್ಟ ಫೋಟೊ ವಿಕೃತನಿಗೂ ಸಿಗುತ್ತದೆ. ಕೊಲೆಗಾರರೇ ತಾವು ಕೊಂದವರ ಮರಣೋತ್ತರ ಪರೀಕ್ಷೆಯ ದಾಖಲೆಗಳನ್ನು ಕೇಳುವುದುಂಟೆಂದು ಅಮೆರಿಕದ ಕೋರ್ಟ್ ತನ್ನ ತೀರ್ಪಿನಲ್ಲಿ ಆತಂಕದಿಂದಲೇ ಬರೆಯಿತು.

ಹಾಗಾದರೆ ಬೀಗ ಹಾಕುವುದೊಂದೇ ಉಪಾಯವೇ? ಅಲ್ಲವೆಂದು ತೋರಿಸಿದ ಒಂದು ಪ್ರಕರಣ ಫ್ಲಾರಿಡಾದಲ್ಲಿ ನಡೆಯಿತು. 2001ರ ಫೆಬ್ರವರಿ 18ರಂದು ಡೇಟೋನಾದ ಕಾರ್ ರೇಸಿನಲ್ಲಿ ಪ್ರಸಿದ್ಧ ಚಾಲಕ ಡೇಲ್ ಅರ್ನ್‌ಹಾರ್ಟ್ ಸತ್ತರು. ಸೀಟ್ ಬೆಲ್ಟ್ ಹರಿದಿತ್ತು ಎಂದು ರೇಸಿನ ಸಂಘಟಕರು ಹೇಳಿದರು. ಚಾಲಕರ ತಲೆ ಮತ್ತು ಕತ್ತಿನ ರಕ್ಷಣೆಯನ್ನೇ ಸಂಘಟಕರು ಅಲಕ್ಷಿಸಿದ್ದಾರೆಯೇ ಎಂದು ಪರಿಶೀಲಿಸುತ್ತಿದ್ದ ಒರ್ಲ್ಯಾಂಡೊ ಸೆಂಟಿನೆಲ್ ಪತ್ರಿಕೆ ಮರಣೋತ್ತರ ಪರೀಕ್ಷೆಯ ಫೋಟೊಗಳನ್ನು ಕೇಳಿತು. ಅರ್ನ್‌ಹಾರ್ಟ್ ಪತ್ನಿ ಕೋರ್ಟಿಗೆ ಹೋದರು. ಕೊನೆಗೆ ರಾಜಿಯಾಯಿತು. ಇಬ್ಬರಿಗೂ ಸಂಬಂಧವಿಲ್ಲದ ಒಬ್ಬ ತಜ್ಞರು ಫೋಟೊಗಳನ್ನು ನೋಡಿ ವರದಿ ಕೊಡುವುದು, ಫೋಟೊಗಳ ಪ್ರತಿ ಮಾತ್ರ ಯಾರ ಕೈಗೂ ಹೋಗದಿರುವುದು. ಡ್ಯೂಕ್ ವಿಶ್ವವಿದ್ಯಾಲಯದ ಬ್ಯಾರಿ ಮೈಯರ್ಸ್ ನೋಡಿದರು. ಆಧಾರವಿಲ್ಲದ ತಲೆ ಮುಂದಕ್ಕೆ ಚಿಮ್ಮಿದ್ದೇ ತಲೆಬುರುಡೆಯ ತಳದ ಮುರಿತಕ್ಕೆ ಕಾರಣವಾಗಿರಬೇಕೆಂದು ಬರೆದರು. ಅದೇ ವರ್ಷದ ಅಕ್ಟೋಬರಿನಲ್ಲಿ ಸಂಘಟಕರು ತಲೆ ಮತ್ತು ಕತ್ತು ಹಿಡಿಯುವ ಸಾಧನವನ್ನು ಕಡ್ಡಾಯ ಮಾಡಿದರು. ಜನರಿಗೆ ತಿಳಿಯಬೇಕಾದದ್ದು ತಿಳಿಯಿತು. ಹೆಂಡತಿ ನೋಡಬಾರದ ಚಿತ್ರವನ್ನು ಯಾವ ಪುಟದಲ್ಲೂ ನೋಡಬೇಕಾಗಲಿಲ್ಲ.

ಈ ರಾಜಿಯಲ್ಲಿ ನನಗೆ ಕಾಣುವ ಮುಖ್ಯ ಸಂಗತಿ, ದಾಖಲೆ ಬೇರೆ ಮತ್ತು ಆ ದಾಖಲೆ ಉತ್ತರಿಸಬೇಕಾದ ಪ್ರಶ್ನೆ ಬೇರೆ ಎಂಬುದು. ತಿಳಿಯುವ ಹಕ್ಕು ನಿಜವಾಗಿ ಇರುವುದು ಪ್ರಶ್ನೆಯ ಮೇಲೆ: ಅಧಿಕಾರದಲ್ಲಿದ್ದವರು ಮಾಡಬೇಕಾದದ್ದು ಮಾಡಿದರೇ? ಕುಟುಂಬದ ಹಕ್ಕು ಇರುವುದು ಇನ್ನೊಂದರ ಮೇಲೆ: ನಮ್ಮವನ ದೇಹ ಕಂಡಕಂಡವರ ನೋಟಕ್ಕೆ ಸಿಗುತ್ತದೆಯೇ? ಎಷ್ಟೋ ಸಲ ಇವೆರಡೂ ಒಂದಕ್ಕೊಂದು ಅಡ್ಡ ಬರುವುದೇ ಇಲ್ಲ.

ಇನ್ನು ಕುಟುಂಬ ಯಾವಾಗಲೂ ಮುಚ್ಚಿಡುವ ಪಕ್ಷದಲ್ಲೇ ಇರುತ್ತದೆ ಎಂದುಕೊಳ್ಳುವುದೂ ತಪ್ಪು. 1955ರಲ್ಲಿ ಮಿಸಿಸಿಪಿಯಲ್ಲಿ ಬಿಳಿಯರು ಕೊಂದ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನ ತಾಯಿ, ಶಿಕಾಗೊದಲ್ಲಿ ಮಗನ ಶವಪೆಟ್ಟಿಗೆಯನ್ನು ಮುಚ್ಚಲು ಬಿಡಲಿಲ್ಲ. ಜಜ್ಜಿಹೋದ ಮುಖವನ್ನು ಲೋಕ ನೋಡಲೇಬೇಕೆಂದು ಹಟ ಹಿಡಿದಳು. ಜೆಟ್ ಪತ್ರಿಕೆ ಆ ಚಿತ್ರ ಅಚ್ಚು ಹಾಕಿತು. ನಾಗರಿಕ ಹಕ್ಕುಗಳ ಚಳವಳಿಗೆ ಆ ಚಿತ್ರ ಕೊಟ್ಟ ಕಾವು ಇತಿಹಾಸದಲ್ಲಿದೆ. ತೆರೆಯುವುದೂ ಆ ತಾಯಿಯ ಖಾಸಗಿತನದ ಹಕ್ಕಿನ ಚಲಾವಣೆಯೇ.

ಹಾಗಾಗಿಯೇ ಫೇವಿಶ್ ತೀರ್ಪಿನ ಒಂದು ಭಾಗ ನನಗೆ ಕಳವಳ ತರುತ್ತದೆ. ಸರ್ಕಾರದ ತಪ್ಪನ್ನು ಬಯಲಿಗೆಳೆಯಲು ಇಂಥ ದಾಖಲೆ ಬೇಕು ಎನ್ನುವವನು ಬರೀ ಅನುಮಾನ ಹೇಳಿದರೆ ಸಾಲದು, ತಪ್ಪು ನಡೆದಿರಬಹುದೆಂದು ವಿವೇಕಿಯೊಬ್ಬ ನಂಬುವಷ್ಟು ಆಧಾರ ಒದಗಿಸಬೇಕು ಎಂದು ಕೋರ್ಟ್ ಷರತ್ತು ಹಾಕಿತು. ಇಷ್ಟೊಂದು ತನಿಖೆಗಳು ಆಗಿಹೋಗಿದ್ದ ಫಾಸ್ಟರ್ ಪ್ರಕರಣದಲ್ಲಿ ಷರತ್ತು ನ್ಯಾಯವೇ. ಒಂದು ತನಿಖೆಯೂ ನೆಟ್ಟಗೆ ಆಗದ ಕಡೆ ಅದೇ ಷರತ್ತು ಕ್ರೂರವಾಗುತ್ತದೆ, ಏಕೆಂದರೆ ಆಧಾರ ಇರುವುದು ಕೊಡಲೊಲ್ಲದ ಕಡತದ ಒಳಗೇ. ಲಾಕಪ್ ಸಾವನ್ನು ನೆನೆದುಕೊಳ್ಳಿ. ಅಂಥ ಸಾವುಗಳಲ್ಲಿ ಮರಣೋತ್ತರ ಪರೀಕ್ಷೆಯನ್ನು ವಿಡಿಯೊ ಮಾಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1995ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಅಲ್ಲಿ ದಾಖಲೆ ಕೇಳುವವರು ಸತ್ತವನ ಅಪ್ಪ ಅಮ್ಮ, ಮುಚ್ಚಲು ಆಸೆಪಡುವವರು ಸತ್ತವನನ್ನು ಹಿಡಿದಿಟ್ಟಿದ್ದವರು. ಖಾಸಗಿತನದ ಹೆಸರನ್ನು ಅಲ್ಲಿ ಅಧಿಕಾರಿ ಎತ್ತಿದರೆ, ಅವನು ಮನೆಯವರ ಹಕ್ಕನ್ನು ಅವರಿಂದಲೇ ಕಿತ್ತು ತನಗೆ ಹೊದ್ದುಕೊಂಡಂತೆ.

ಭಾರತದ ಸುಪ್ರೀಂ ಕೋರ್ಟ್ ಕೊಲೆ ಅಪರಾಧಿ ಆಟೊ ಶಂಕರ್‌ನ ಆತ್ಮಕಥೆಯ ಪ್ರಕರಣದಲ್ಲಿ, 1994ರಲ್ಲಿ, ಪ್ರಜೆಗೆ ತನ್ನ ಮತ್ತು ತನ್ನ ಕುಟುಂಬದ ಖಾಸಗಿತನ ಕಾಪಾಡಿಕೊಳ್ಳುವ ಹಕ್ಕಿದೆ ಎಂದಿತು. ಆದರೆ ವಿಷಯ ಸಾರ್ವಜನಿಕ ದಾಖಲೆಗೆ ಸೇರಿದ ಮೇಲೆ ಆ ಹಕ್ಕು ಉಳಿಯುವುದಿಲ್ಲ ಎಂದು ಸೇರಿಸಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳ ಹೆಸರಿನಂಥ ಕೆಲವನ್ನು ಹೊರಗಿಟ್ಟಿತು. ಕಡತಗಳು ತಾಲ್ಲೂಕು ಕಚೇರಿಯ ಬೀರುವಿನಲ್ಲಿದ್ದ ಕಾಲಕ್ಕೆ ಈ ನಿಯಮ ಹೊಂದುತ್ತಿತ್ತು. 2020ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಕ್ವಾರಂಟೈನಿನಲ್ಲಿದ್ದವರ ಮನೆ ವಿಳಾಸದ ಪಟ್ಟಿಯನ್ನು ಜಾಲತಾಣದಲ್ಲಿ ಹಾಕಿದಾಗ ಅದು ಒಡನೆಯೇ ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಆರೋಗ್ಯ ಸಿಬ್ಬಂದಿಗೆ ಬೇಕಾಗಿದ್ದ ಮಾಹಿತಿ ಬೀದಿಯ ಕೈಗೆ ಸಿಕ್ಕಿತು. ಇಡೀ ಮನೆಗಳು ಬೊಟ್ಟಿಗೆ ಗುರಿಯಾದವು.

ಇದರ ಪಕ್ಕದಲ್ಲೇ ಇನ್ನೊಂದು ಪಟ್ಟಿಯನ್ನು ಇಡಬೇಕು. 1994ರಿಂದ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಬರಗಾಲದ ಕಾಮಗಾರಿಗಳ ಹಾಜರಿ ಪಟ್ಟಿಯನ್ನು ಊರ ಮುಂದೆ ಗಟ್ಟಿಯಾಗಿ ಓದಿಸಿದರು. ಕೂಲಿಯವರ ಹೆಸರು, ದಿನ, ಹಣ, ಎಲ್ಲವೂ ವೈಯಕ್ತಿಕ ವಿವರಗಳೇ. ಓದಿದಾಗ ದುಡಿಯದವರ ಹೆಸರಿನಲ್ಲೂ ಸತ್ತವರ ಹೆಸರಿನಲ್ಲೂ ಕೂಲಿ ಬಿದ್ದಿದ್ದು ಬಯಲಾಯಿತು. ಆ ವಿವರ ಆ ಊರಿನವರಿಗೇ ಸೇರಿದ್ದು, ಓದಿದ್ದು ಅವರ ದುಡ್ಡಿನ ಲೆಕ್ಕಕ್ಕೆ. ಎರಡೂ ಪಟ್ಟಿಗಳಲ್ಲಿ ಇದ್ದದ್ದು ಜನರ ವಿವರ. ಒಂದು ಹರಿವು ಸಂದರ್ಭವನ್ನು ಮುರಿಯಿತು, ಇನ್ನೊಂದು ಉಳಿಸಿಕೊಂಡಿತು. ವೈಯಕ್ತಿಕ ಎಂಬ ಒಂದೇ ಹಣೆಪಟ್ಟಿಯಿಂದ ಈ ವ್ಯತ್ಯಾಸ ತಿಳಿಯುವುದಿಲ್ಲ.

ದುರದೃಷ್ಟದಿಂದ ನಮ್ಮ ಕಾನೂನು ಈಗ ಆ ಹಣೆಪಟ್ಟಿಯ ಕಡೆಗೇ ವಾಲಿದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮು ಮೊದಲು ವಿವೇಚನೆಯಿಂದ ಕೂಡಿತ್ತು. ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ, ಅಥವಾ ಸಕಾರಣವಿಲ್ಲದೆ ಖಾಸಗಿತನಕ್ಕೆ ನುಗ್ಗುವ ಮಾಹಿತಿಯನ್ನು ಮಾತ್ರ ತಡೆಹಿಡಿಯಬಹುದಿತ್ತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿರಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಮಾತುಗಳನ್ನೆಲ್ಲ ತೆಗೆದು, ವೈಯಕ್ತಿಕ ಮಾಹಿತಿಯಾದರೆ ಕೊಡಬೇಕಿಲ್ಲ ಎಂಬಷ್ಟಕ್ಕೆ ಇಳಿಸಿತು. 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ. ಪ್ರಭುತ್ವದ ಕಣ್ಣಿನಿಂದ ಪ್ರಜೆಯನ್ನು ಕಾಯಲು ಅವರು ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಅದೇ ಹಕ್ಕು ಪ್ರಜೆಯ ಕಣ್ಣಿನಿಂದ ಪ್ರಭುತ್ವವನ್ನು ಕಾಯುವ ಗೋಡೆಯಾಗುವುದನ್ನು ನಾನು ಒಪ್ಪಲಾರೆ.

ಎರಡು ಬಾಗಿಲು ಇನ್ನೂ ತೆರೆದಿವೆ. 8(2)ನೇ ಕಲಮಿನ ಪ್ರಕಾರ, ಆಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ತಡೆಯಿದ್ದರೂ ಮಾಹಿತಿ ಕೊಡಬಹುದು. 10ನೇ ಕಲಮಿನ ಪ್ರಕಾರ ಕಡತದ ಕೊಡಬಾರದ ಭಾಗ ತೆಗೆದು ಉಳಿದದ್ದನ್ನು ಕೊಡಬಹುದು. ಒಂದು ಸಾವಿನ ಕಡತ ಮುಂದೆ ಬಂದಾಗ ಮಾಹಿತಿ ಅಧಿಕಾರಿ ವೈಯಕ್ತಿಕ ಎಂದು ಒಂದು ಸಾಲಿನಲ್ಲಿ ಹಿಂಬರಹ ಕೊಟ್ಟು ಕೈತೊಳೆದುಕೊಳ್ಳಬೇಕಿಲ್ಲ. ದೇಹದ ಫೋಟೊ ಬೇರೆ ತೆಗೆದಿಟ್ಟು, ಗಾಯಗಳ ವಿವರ, ಆಸ್ಪತ್ರೆಗೆ ಸೇರಿಸಿದ ಹೊತ್ತು, ಆಗ ಕರ್ತವ್ಯದಲ್ಲಿದ್ದವರ ಹುದ್ದೆ, ಇಷ್ಟನ್ನು ಕೊಡಬಹುದು. ಮನೆಯವರು ಏನು ಬಯಸುತ್ತಾರೆಂದು ಅವರನ್ನೇ ಕೇಳಬಹುದು.